ಕಾರ್ಯಕ್ರಮ ಮುಗಿದ ಮೇಲೆ ತೆಗೆದ ಫೋಟೊ

ನನ್ನ ಮೊಬೈಲಿನ ವಾಲ್‌ಪೇಪರ್ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಏನ್ರೀ ಇದು, ಕೆಟ್ಟುಹೋದ ಫೋಟೊ ಇಟ್ಕೊಂಡೀರಿ?" ನೋಡಲು ಹಾಗೇ ಇದೆ. ಕಪ್ಪು-ಬಿಳುಪು ಚಿತ್ರ. ಬೆಳಕು ಜಾಸ್ತಿಯಾಗಿ ಬೆಳ್ಳಗೆ ಸುಟ್ಟಂತೆ ಕಾಣುವ, ಕುಡುಗೋಲಿನ ಆಕಾರದ ಒಂದು ಚಂದ್ರ. ಅದರ ಅಂಚಿನಾಚೆ ಕೊಡೆ ಬಿಚ್ಚಿದ ಹಾಗೆ ಒಂದು ಮಸುಕು. ಇಂಥದ್ದನ್ನು ನಾನು ಡೆಸ್ಕ್‌ಗೆ ಕಳಿಸಿದ್ದರೆ ಎರಡೇ ನಿಮಿಷದಲ್ಲಿ "ಬೇರೆ ಇದ್ದರೆ ಕಳಿಸಿ" ಎಂಬ ಮೆಸೇಜ್ ಬರುತ್ತಿತ್ತು.

ಅದು ಗುರುಗ್ರಹದ ಉಪಗ್ರಹ ಅಯೋ. ತೆಗೆದದ್ದು ಅಮೆರಿಕದ ವಾಯೇಜರ್ 1 ನೌಕೆ, 1979ರ ಮಾರ್ಚ್ 8ರಂದು. ಭೂಮಿ ಬಿಟ್ಟು ಬೇರೊಂದು ಲೋಕದಲ್ಲಿ ಜ್ವಾಲಾಮುಖಿ ಉಗುಳುತ್ತಿರುವುದನ್ನು ಮನುಷ್ಯರು ಮೊಟ್ಟಮೊದಲು ಕಂಡದ್ದು ಈ ಫೋಟೊದಲ್ಲಿ. ಇದನ್ನು ಜ್ವಾಲಾಮುಖಿಗಾಗಿ ತೆಗೆದಿರಲಿಲ್ಲ ಎನ್ನುವುದೇ ನನ್ನ ಇವತ್ತಿನ ವಿಷಯ.

ಫ್ಲೈಬೈ ಅಂದರೆ ಏನು ಎಂದು ನಮ್ಮ ಕಸುಬಿನವರಿಗೆ ಹೇಳಿಕೊಡಬೇಕಿಲ್ಲ. ಮಂತ್ರಿಗಳ ಕಾನ್ವಾಯ್ ನಿಲ್ಲದೆ ಹೋಗುವಾಗ ರಸ್ತೆ ಬದಿಯಲ್ಲಿ ಕ್ಯಾಮೆರಾ ಹಿಡಿದು ನಿಂತವರಿಗೆ ಅದು ಗೊತ್ತು. ವ್ಯತ್ಯಾಸ ಇಷ್ಟೇ, ಅಲ್ಲಿ ಓಡುವುದು ಕ್ಯಾಮೆರಾ. ನೌಕೆಗೆ ಬ್ರೇಕ್ ಇಲ್ಲ, ಇನ್ನೊಂದು ಸುತ್ತು ಬರುವ ಮಾತಿಲ್ಲ. ಗುರುವಿನ ಹತ್ತಿರದಿಂದ ಹೊರಟ ಸಂದೇಶ ಭೂಮಿಗೆ ಮುಟ್ಟಲು ಅರ್ಧ ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಯಾವ ಕ್ಷಣದಲ್ಲಿ ಕ್ಯಾಮೆರಾ ಎತ್ತ ತಿರುಗಬೇಕು, ಯಾವ ಫಿಲ್ಟರ್ ಬರಬೇಕು, ಎಷ್ಟು ಹೊತ್ತು ಬೆಳಕು ಬೀಳಬೇಕು ಎಂಬ ಎಲ್ಲ ಆಜ್ಞೆಗಳನ್ನೂ ಮೊದಲೇ ಬರೆದು ಕಳಿಸಿರುತ್ತಾರೆ. ವಾಯೇಜರ್‌ನದು ಹಳೇ ಟಿವಿ ಕಾಲದ ವಿಡಿಕಾನ್ ಟ್ಯೂಬಿನ ಕ್ಯಾಮೆರಾ. ಒಂದು ಚಿತ್ರಕ್ಕೆ ಅಡ್ಡ 800, ಉದ್ದ 800 ಚುಕ್ಕೆ, ಅಷ್ಟೇ. ಒಂದು ಫ್ರೇಮ್ ಓದಿ ಮುಗಿಸಲು ಬೇಗವೆಂದರೂ 48 ಸೆಕೆಂಡ್. ಅದರ ಮೇಲೆ ಗುರುವಿನ ವಿಕಿರಣಕ್ಕೆ ನೌಕೆಯ ಗಡಿಯಾರವೇ ತುಸು ಹಿಂದೆ ಬಿದ್ದು, ಹತ್ತಿರದ ಕೆಲವು ಚಿತ್ರಗಳು ಅಲುಗಾಡಿ ಕಲಸಿಹೋದವು.

ಮಾರ್ಚ್ 5ರಂದು ನೌಕೆ ಅಯೋದಿಂದ ಸುಮಾರು 20 ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಬಣ್ಣಬಣ್ಣದ ಚಿತ್ರಗಳು ಬಂದವು, ಜನ ಅಯೋವನ್ನು ಪಿಜ್ಜಾಕ್ಕೆ ಹೋಲಿಸಿದರು. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶಾಮಿಯಾನ ಬಿಚ್ಚುವ ಹೊತ್ತು.

ಮೂರು ದಿನದ ಮೇಲೆ 45 ಲಕ್ಷ ಕಿಲೋಮೀಟರ್ ಆಚೆ ಹೋಗಿದ್ದ ನೌಕೆ ಹಿಂದಿರುಗಿ ಅಯೋದ ಇನ್ನೊಂದು ಫೋಟೊ ತೆಗೆಯಿತು. ಉದ್ದೇಶ ಬೇರೆ. ಹಿನ್ನೆಲೆಯಲ್ಲಿ ಯಾವ ನಕ್ಷತ್ರ ಎಲ್ಲಿದೆ ಎಂದು ನೋಡಿ ನೌಕೆ ನಿಜವಾಗಿ ಎಲ್ಲಿದೆ ಎಂಬ ಲೆಕ್ಕ ತಾಳೆ ನೋಡುವುದು. ಮಂಕು ನಕ್ಷತ್ರ ಕಾಣಲೆಂದು ಬೆಳಕು ಹೆಚ್ಚು ಬಿಟ್ಟಿದ್ದರಿಂದಲೇ ಅಯೋ ಸುಟ್ಟಂತೆ ಬಂದದ್ದು. ಮರುದಿನ, ಮಾರ್ಚ್ 9ರ ಶುಕ್ರವಾರ, ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಲಿಂಡಾ ಮೊರಾಬಿಟೊ ಎಂಬ ಎಂಜಿನಿಯರ್ ಆ ಚಿತ್ರ ತೆರೆದರು. ಅವರು ಚಿತ್ರ ವಿಶ್ಲೇಷಿಸುವ ವಿಜ್ಞಾನಿಗಳ ತಂಡದವರಲ್ಲ, ದಾರಿ ಲೆಕ್ಕ ಹಾಕುವ ತಂಡದವರು. ನಕ್ಷತ್ರ ಕಾಣಲೆಂದು ಪರದೆಯ ಮೇಲೆ ಇನ್ನಷ್ಟು ಬೆಳಕು ಏರಿಸಿದಾಗ ಅಯೋದ ಅಂಚಿನಲ್ಲಿ ಆ ಕೊಡೆ ಕಂಡಿತು.

ಆಮೇಲೆ ಅವರು ಮಾಡಿದ್ದು ನನಗೆ ತುಂಬಾ ಇಷ್ಟ. ಕ್ಯಾಮೆರಾದ ದೋಷವಿರಬಹುದೇ? ಅಲ್ಲ. ಅಯೋ ಹಿಂದೆ ಇನ್ನೊಂದು ಚಂದ್ರ ಇಣುಕುತ್ತಿರಬಹುದೇ? ಆ ಜಾಗದಲ್ಲಿ ಅಷ್ಟು ದೊಡ್ಡದು ಯಾವುದೂ ಇಲ್ಲ. ಹೀಗೆ ಒಂದೊಂದೇ ಅನುಮಾನ ಹೊಡೆದುಹಾಕುತ್ತಾ ಹೋದಾಗ ಕೊನೆಗೆ ಉಳಿದದ್ದು, ಅಯೋದ ನೆಲದಿಂದ 260 ಕಿಲೋಮೀಟರ್‌ಗೂ ಮೇಲಕ್ಕೆ ಚಿಮ್ಮಿದ ಜ್ವಾಲಾಮುಖಿಯ ಕಾರಂಜಿ. ಗುರುವಿನ ಸೆಳೆತಕ್ಕೆ ಅಯೋದ ಒಡಲು ನಾದಿದ ಹಿಟ್ಟಿನಂತಾಗಿ ಕಾಯುತ್ತಿರಬೇಕು ಎಂದು ಸ್ಟಾಂಟನ್ ಪೀಲ್ ಮತ್ತು ಇಬ್ಬರು ಸಂಗಡಿಗರು ಬರೆದ ಲೇಖನ ಅದೇ ಮಾರ್ಚ್ 2ರಂದು 'ಸೈನ್ಸ್' ಪತ್ರಿಕೆಯಲ್ಲಿ ಬಂದಿತ್ತು. ಊಹೆ ಅಚ್ಚಾದ ಒಂದೇ ವಾರಕ್ಕೆ ಸಾಕ್ಷಿ. ಆಮೇಲೆ ಹಳೇ ಫ್ರೇಮುಗಳನ್ನು ಮತ್ತೆ ತೆಗೆದು ನೋಡಿದರೆ ಅವುಗಳಲ್ಲೂ ಕಾರಂಜಿಗಳು! ಒಟ್ಟು ಎಂಟು-ಒಂಬತ್ತು ಸಿಕ್ಕವು. ಕಣ್ಣ ಮುಂದೆಯೇ ಇದ್ದವು, ಯಾರೂ ಅವುಗಳಿಗಾಗಿ ನೋಡಿರಲಿಲ್ಲ.

ಇಲ್ಲಿ ಬೆಳಕಿನ ಒಂದು ಗುಟ್ಟೂ ಇದೆ. ಡಿಪ್ಲೊಮಾದಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಸೂರ್ಯ ಬೆನ್ನ ಹಿಂದೆ ಇರಬೇಕು. ಮುಖದ ಫೋಟೊಗೆ ಅದು ಸರಿ. ಧೂಳಿಗೆ, ಹೊಗೆಗೆ ಅದು ತಪ್ಪು. ಸಂಜೆ ದನ ಮನೆಗೆ ಬರುವಾಗ ಪಡುವಣಕ್ಕೆ ಮುಖ ಮಾಡಿ ನಿಂತು ನೋಡಿ. ದನ ಕಪ್ಪಗೆ, ಧೂಳು ಬಂಗಾರ. ಮೂಡಣಕ್ಕೆ ತಿರುಗಿ ನಿಂತರೆ ಧೂಳು ಇದ್ದೂ ಇಲ್ಲ. ಗೋಧೂಳಿ ಎಂಬ ಹೆಸರಿಟ್ಟವರಿಗೆ ಇದು ಗೊತ್ತಿತ್ತು. ನೌಕೆ ಗ್ರಹದತ್ತ ಬರುವಾಗ ಉಪಗ್ರಹದ ಬೆಳಗಿದ ಮುಖ ಕಾಣುತ್ತದೆ. ದಾಟಿಹೋಗಿ ಹಿಂದಿರುಗಿ ನೋಡಿದಾಗ ಸೂರ್ಯ ಆಚೆ ಕಡೆ ಇರುತ್ತಾನೆ, ತೆಳು ಹೊಗೆಯೂ ಹೊಳೆಯುತ್ತದೆ. ಕ್ಯಾಸಿನಿ ನೌಕೆ 2005ರ ನವೆಂಬರಿನಲ್ಲಿ ಶನಿಯ ಉಪಗ್ರಹ ಎನ್ಸೆಲಡಸ್‌ನ ದಕ್ಷಿಣ ಧ್ರುವದಿಂದ ಹಿಮಕಣಗಳು ಚಿಮ್ಮುವ ಸುಪ್ರಸಿದ್ಧ ಚಿತ್ರ ತೆಗೆದದ್ದೂ ಹೀಗೆ ಬೆಳಕಿಗೆ ಎದುರಾಗಿಯೇ.

ಈಗ ನನ್ನ ತಪ್ಪಿನ ಕಥೆ. ಹೋದ ವರ್ಷ ನಮ್ಮ ತಾಲ್ಲೂಕಿನ ಒಂದು ಕೆರೆ ತುಂಬಿ ಕೋಡಿ ಬಿತ್ತು. ಶಾಸಕರು ಬಾಗಿನ ಅರ್ಪಿಸಿದರು. ಅರವತ್ತಕ್ಕೂ ಹೆಚ್ಚು ಫೋಟೊ ಹೊಡೆದೆ, ಒಂದನ್ನು ಕಳಿಸಿದೆ: ಶಾಸಕರು, ಮೊರ, ಸೀರೆ, ಹೂವು. ರಾತ್ರಿ ಕಾರ್ಡ್ ಫಾರ್ಮ್ಯಾಟ್ ಮಾಡಿದೆ, ಮರುದಿನ ಬೇರೆ ಸಭೆ ಇತ್ತು. ಮೂರು ವಾರ ಕಳೆದು ಕೆರೆಯ ಏರಿ ತೂಬಿನ ಮಗ್ಗುಲಲ್ಲೇ ಒಡೆಯಿತು. ಕೆಳಗಿನ ಮೆಕ್ಕೆಜೋಳ, ಈರುಳ್ಳಿ ಎಲ್ಲಾ ನೀರುಪಾಲು. ಮೊದಲು ಸೋರಿಕೆ ಇರಲಿಲ್ಲ, ಒಮ್ಮೆಲೇ ಸುರಿದ ಮಳೆಯಿಂದ ಹೀಗಾಯಿತು ಎಂದು ಇಲಾಖೆಯವರು ಬರೆದರು. ಹೊಲ ಕಳಕೊಂಡ ಹಿರಿಯರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು.

"ತಮ್ಮಾ, ಅವತ್ತು ನೀ ಅಲ್ಲೇ ನಿಂತಿದ್ದಿ ಅಲ್ಲೇನು? ಶಾಸಕರ ಹಿಂದ ತೂಬಿನ ಕಡೆ ನೀರು ಜಿನುಗತಿತ್ತು. ನಿನ್ನ ಫೋಟೊದಾಗ ಬಂದಿರಬೇಕು ನೋಡು."

ಬಂದಿರಬೇಕು, ನಿಜ. ಅಚ್ಚಾದ ಫೋಟೊದಲ್ಲಿ ತೂಬಿನ ಜಾಗಕ್ಕೆ ಸರಿಯಾಗಿ ಕತ್ತರಿ ಬಿದ್ದಿದೆ. ಉಳಿದವು ಇಲ್ಲ. "ಅಳಿಸೇನ್ರೀ ಕಾಕಾ" ಎಂದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದೀಚೆಗೆ ಈ ನೌಕೆಗಳ ಹಳೇ ಚಿತ್ರಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಹುಚ್ಚು ಅನ್ನಿ. ಮಾರ್ಕ್ ಶೋವಾಲ್ಟರ್ ಎಂಬ ವಿಜ್ಞಾನಿ 1990ರಲ್ಲಿ ಶನಿಯ ಹೊಸ ಉಪಗ್ರಹವೊಂದನ್ನು ಕಂಡುಹಿಡಿದರು, ಪ್ಯಾನ್ ಎಂದು ಅದರ ಹೆಸರು. ಅವರು ಹೊಸ ದೂರದರ್ಶಕ ಕಟ್ಟಿಸಲಿಲ್ಲ. ಸುಮಾರು ಹತ್ತು ವರ್ಷ ಹಿಂದೆ ವಾಯೇಜರ್ ಕಳಿಸಿದ್ದ ಚಿತ್ರಗಳಲ್ಲೇ ಹುಡುಕಿದರು. ವಾಯೇಜರ್ 2 ಯುರೇನಸ್ ದಾಟಿದ್ದು 1986ರ ಜನವರಿಯಲ್ಲಿ. ಅದೇ ಚಿತ್ರಗಳಲ್ಲಿ ಎರಿಕ್ ಕಾರ್ಕೋಷ್ಕಾ ಎಂಬವರಿಗೆ ಇನ್ನೊಂದು ಪುಟ್ಟ ಉಪಗ್ರಹ ಸಿಕ್ಕಿದ್ದು 1999ರಲ್ಲಿ, ಹದಿಮೂರು ವರ್ಷ ಕಳೆದ ಮೇಲೆ. ಬೇರೆ ಯಾರಿಗೂ ಅದು ಮತ್ತೆ ಕಾಣದ್ದರಿಂದ ಪಟ್ಟಿಯಿಂದ ಕೈಬಿಟ್ಟರು. 2003ರಲ್ಲಿ ಹಬಲ್ ದೂರದರ್ಶಕ ಅದನ್ನು ಮತ್ತೆ ಕಂಡಿತು. ಹೆಸರು ಪರ್ಡಿಟಾ, ಅಂದರೆ ಕಳೆದುಹೋದವಳು. ಯಾರಾದರೂ "ಇವು ಬೇಕಾಗಿಲ್ಲ" ಎಂದು ಟೇಪ್ ಅಳಿಸಿದ್ದರೆ ಈ ಎರಡೂ ಕಥೆಗಳು ಇರುತ್ತಿರಲಿಲ್ಲ.

ಪ್ರೆಸ್ ಕ್ಲಬ್ಬಿನ ಗೆಳೆಯರೊಬ್ಬರು ಇದನ್ನು ಕೇಳಿ ನಕ್ಕರು. "ಅವರಿಗೆ ಸರ್ಕಾರದ ದುಡ್ಡಿದೆ. ನಮಗೆ ಫೋಟೊಗೆ ಇಷ್ಟು ಅಂತ ಲೆಕ್ಕ, ಅದೂ ಮೂರು ತಿಂಗಳು ತಡ. ಹಾರ್ಡ್ ಡಿಸ್ಕ್ ಯಾರ ಅಪ್ಪ ಕೊಡಿಸ್ತಾನೆ?" ಮಾತಿನಲ್ಲಿ ಸತ್ಯವಿದೆ, ನನ್ನ ಡಿಸ್ಕ್ ನನ್ನ ಹೆಂಡತಿಯ ಚೀಟಿ ದುಡ್ಡಿನದು. ಆದರೆ ಅಲ್ಲಿ ಕೊರತೆಯೇ ಇಲ್ಲ ಎನ್ನುವುದು ತಪ್ಪು. ಗುರುವನ್ನು ಸುತ್ತಲು ಹೋದ ಗೆಲಿಲಿಯೊ ನೌಕೆಯ ದೊಡ್ಡ ಆಂಟೆನಾ 1991ರ ಏಪ್ರಿಲ್‌ನಲ್ಲಿ ಅರ್ಧ ಬಿಚ್ಚಿದ ಛತ್ರಿಯಂತೆ ಸಿಕ್ಕಿಕೊಂಡಿತು. ಸೆಕೆಂಡಿಗೆ 1,34,000 ಬಿಟ್ ಕಳಿಸಬೇಕಿದ್ದ ನೌಕೆ ಸಣ್ಣ ಆಂಟೆನಾದಲ್ಲಿ ಹೆಚ್ಚೆಂದರೆ 160 ಬಿಟ್ ಕಳಿಸುವಂತಾಯಿತು. ನಮ್ಮ ಹೋಬಳಿಯ ನೆಟ್‌ವರ್ಕ್‌ಗಿಂತ ಕೆಟ್ಟ ಸ್ಥಿತಿ! ಚಿತ್ರಗಳನ್ನು ಟೇಪ್ ರೆಕಾರ್ಡರಿನಲ್ಲಿ ತುಂಬಿಟ್ಟುಕೊಂಡು, ಕುಗ್ಗಿಸಿ, ವಾರಗಟ್ಟಲೆ ಚೂರುಚೂರಾಗಿ ಕಳಿಸಿದರು. ಆ ಟೇಪೂ 1995ರ ಅಕ್ಟೋಬರಿನಲ್ಲಿ ಕೈಕೊಟ್ಟಿತು. ಡಿಸೆಂಬರ್ 7ರಂದು ಗುರುವಿನ ಬಳಿ ತಲುಪುವ ದಿನ ಅಯೋ ಪಕ್ಕದಲ್ಲೇ ಹಾದುಹೋಗುವುದಿತ್ತು. ಅವತ್ತಿನ ಅಯೋ ಫೋಟೊಗಳನ್ನೇ ರದ್ದು ಮಾಡಿದರು. ಗುರುವಿನ ವಾತಾವರಣಕ್ಕೆ ಇಳಿಯುವ ಪುಟ್ಟ ನೌಕೆಯ ಮಾಹಿತಿ ಉಳಿಯಲಿ, ಟೇಪ್ ಹರಿಯದಿರಲಿ ಎಂದು. ಮತ್ತೆ ಅಯೋ ಹತ್ತಿರ ಹೋದದ್ದು 1999ರಲ್ಲಿ. ಅದು ಲೆಕ್ಕ ಹಾಕಿ, ನೋವುಂಡು ಕೈಬಿಟ್ಟದ್ದು. ಕಾರ್ಡ್ ತುಂಬಿತು ಅಂತ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫಾರ್ಮ್ಯಾಟ್ ಒತ್ತುವುದು ಬರೀ ಚಾಳಿ.

ಇನ್ನೊಂದು ತಕರಾರು ನನಗೆ ನಮ್ಮ ಡೆಸ್ಕ್‌ಗಳ ಮೇಲೆಯೇ ಇದೆ. ಅಯೋದ ಕೆಂಪು-ಕಿತ್ತಳೆ ಚಿತ್ರವನ್ನು ನಾವು ಯಾವ ಎಗ್ಗೂ ಇಲ್ಲದೆ ಅಚ್ಚು ಹಾಕುತ್ತೇವೆ. ವಾಯೇಜರ್ ಕ್ಯಾಮೆರಾ ಕಪ್ಪು-ಬಿಳುಪಿನದು. ಬೇರೆ ಬೇರೆ ಫಿಲ್ಟರಿನಲ್ಲಿ ತೆಗೆದ ಫ್ರೇಮುಗಳನ್ನು ಕೂಡಿಸಿ, ಬಣ್ಣ ಏರಿಸಿ ಮಾಡಿದ ಚಿತ್ರ ಅದು. ಅಯೋ ನಿಜಕ್ಕೂ ಇನ್ನೂ ಮಂಕಾದ ಹಳದಿ. ಬಣ್ಣ ಏರಿಸಿದ್ದು ಮೋಸವಲ್ಲ, ನೆಲದ ವ್ಯತ್ಯಾಸ ಕಾಣಲು ಅದು ಬೇಕು. ಆದರೆ ನಾಸಾದವರು ಚಿತ್ರದ ಕೆಳಗೆ ಅದನ್ನು ಬರೆದಿರುತ್ತಾರೆ. ನಾವು ಚಿತ್ರ ಎತ್ತಿಕೊಂಡು ಆ ಸಾಲನ್ನು ಬಿಡುತ್ತೇವೆ.

ಜೂನೊ ನೌಕೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದು 2016ರಿಂದ ಗುರುವನ್ನು ಸುತ್ತಿತು. ಅದರ ಜೂನೊಕ್ಯಾಮ್ ಎಂಬ ಕ್ಯಾಮೆರಾವನ್ನು ಸೇರಿಸಿದ್ದೇ ಮುಖ್ಯವಾಗಿ ಜನಸಾಮಾನ್ಯರಿಗಾಗಿ. ತಿದ್ದದ ಕಚ್ಚಾ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ, ಯಾರು ಬೇಕಾದರೂ ಇಳಿಸಿಕೊಂಡು ಜೋಡಿಸಬಹುದು. 2023ರ ಡಿಸೆಂಬರ್ 30ರಂದು ಅಯೋದಿಂದ ಬರೀ 1,500 ಕಿಲೋಮೀಟರ್ ದೂರದಲ್ಲಿ ಹಾದುಹೋಗುವ ಮುನ್ನ ವಿಕಿರಣಕ್ಕೆ ಆ ಕ್ಯಾಮೆರಾ ಹಾಳಾಗಿ, ಚಿತ್ರಗಳೆಲ್ಲ ಗೆರೆಗೆರೆ ಬರುತ್ತಿದ್ದವು. ಹೀಟರ್ ಹಾಕಿ ಕ್ಯಾಮೆರಾ ಕಾಯಿಸಿದರು, ಕೆಲವೇ ದಿನ ಬಾಕಿ ಇರುವಾಗ ಚಿತ್ರ ತಿಳಿಯಾಯಿತು. ಅದೇ ಜೂನೊ 2021ರ ಜೂನ್‌ನಲ್ಲಿ ಗ್ಯಾನಿಮೀಡ್ ಎಂಬ ಉಪಗ್ರಹವನ್ನು ದಾಟುವಾಗ ಕತ್ತಲ ಬದಿಯ ಚಿತ್ರ ತೆಗೆದದ್ದು ಯಾವುದು ಗೊತ್ತೇ? ನಕ್ಷತ್ರ ನೋಡಿ ದಿಕ್ಕು ಹಿಡಿಯುವ ಕ್ಯಾಮೆರಾ. ಗುರುವಿನಿಂದ ಪ್ರತಿಫಲಿಸಿದ ಮಂದ ಬೆಳಕೇ ಅದಕ್ಕೆ ಸಾಕಾಯಿತು. ಮತ್ತೆ ದಾರಿ ನೋಡುವವರದೇ ಫೋಟೊ!

ನಾನು ಕೇಳುವುದು ದೊಡ್ಡದಲ್ಲ. ಸ್ಟ್ರಿಂಗರ್ ತೆಗೆದ ಎಲ್ಲ ಫ್ರೇಮನ್ನೂ, ಬ್ಲರ್ ಆದದ್ದೂ ಸೇರಿ, ಕನಿಷ್ಠ ಎರಡು ಮಳೆಗಾಲ ಇಟ್ಟುಕೊಳ್ಳಲು ಪತ್ರಿಕೆಗಳು ಜಾಗ ಮಾಡಿಕೊಡಲಿ. ಕತ್ತರಿಸುವ ಮುಂಚಿನ ಫೋಟೊ ಉಳಿಯಲಿ. ತಾರೀಖು, ಊರು, ಯಾವ ದಿಕ್ಕಿಗೆ ನಿಂತು ತೆಗೆದದ್ದು, ಇಷ್ಟು ಬರೆದಿಟ್ಟರೆ ಸಾಕು. ಪತ್ರಿಕೆಗಳು ಮಾಡುವವರೆಗೆ ನಾವೇ ಐದಾರು ಮಂದಿ ಸೇರಿ ಒಂದು ಡಿಸ್ಕ್ ಇಟ್ಟುಕೊಳ್ಳಬಹುದು. ಮೂರು ಜಿಲ್ಲೆಯ ಗೆಳೆಯರು ಒಪ್ಪಿದ್ದಾರೆ.

ಆ ಕೆರೆಯ ರೈತರ ಅರ್ಜಿ ಇನ್ನೂ ತಾಲ್ಲೂಕು ಕಚೇರಿಯಲ್ಲಿದೆ. ಬಾಗಿನದ ದಿನ ನನ್ನ ಜೊತೆ ಏರಿಯ ಮೇಲೆ ಇನ್ನೂ ಮೂವರು ಕ್ಯಾಮೆರಾದವರಿದ್ದರು, ಅವರಲ್ಲಿ ಇಬ್ಬರು ಈ ಬ್ಲಾಗ್ ಓದುತ್ತಾರೆ. ನಿಮ್ಮ ಹಳೇ ಕಾರ್ಡು, ಮೊಬೈಲು, ವಾಟ್ಸ್ಆ್ಯಪ್ ಗ್ರೂಪು ಒಮ್ಮೆ ತೆಗೆದು ನೋಡಿ. ಶಾಸಕರ ಎಡಗಡೆ, ತೂಬಿನ ಕಲ್ಲು ಕಾಣುವ ಯಾವುದೇ ಫೋಟೊ ಇದ್ದರೂ ಕಳಿಸಿ. ಅಲುಗಾಡಿದ್ದರೂ ಪರವಾಗಿಲ್ಲ.