ಹೊಸದಾಗಿ ಬಂದ ಕಾರ್ಮಿಕನ ಹೊಣೆ ಯಾರದು?

ಕೊರೋನಾ ಮಹಾಮಾರಿಯಿಂದ ಉದ್ದಿಮೆಗಳಿಗಾದ ನಷ್ಟ, ಬ್ಯಾಂಕ್ ಸಾಲದ ಹೊರೆ, ತೆರಿಗೆ ಪಾವತಿಯ ಗಡುವು, ನಿಂತುಹೋದ ಬೇಡಿಕೆಗಳು, ಇವುಗಳ ಕುರಿತು ನಾವು ವರ್ತಕರೂ ಸಣ್ಣ ಉದ್ದಿಮೆದಾರರೂ ಸಾಕಷ್ಟು ಚರ್ಚಿಸಿದ್ದೇವೆ, ಸರ್ಕಾರಕ್ಕೆ ಮನವಿಗಳನ್ನೂ ಸಲ್ಲಿಸಿದ್ದೇವೆ. ಅದು ನ್ಯಾಯವೇ ಆಗಿತ್ತು. ಆದರೆ ಆ ಸಂಕಟದಲ್ಲಿ ಎಲ್ಲರಿಗಿಂತ ಕೆಳಗೆ ಬಿದ್ದವನ ವಿಷಯ ನಮ್ಮ ಸಭೆಗಳಲ್ಲಿ ಅಷ್ಟಾಗಿ ಬರಲಿಲ್ಲ. ಅವನೇ, ಬೇರೆ ರಾಜ್ಯದಿಂದ ಕೆಲವೇ ತಿಂಗಳ ಹಿಂದೆ ನಮ್ಮ ಕಾರ್ಖಾನೆಗೆ ಬಂದು ಸೇರಿದ್ದ ಹೊಸ ಕಾರ್ಮಿಕ. ವಲಸೆ ಕಾರ್ಮಿಕರೆಲ್ಲರೂ ಕಷ್ಟಪಟ್ಟರೆಂಬುದು ನಿಜ. ಆದರೆ ಹತ್ತು ವರ್ಷದಿಂದ ಇಲ್ಲಿ ನೆಲೆಸಿದವನ ಕಷ್ಟಕ್ಕೂ ಮೂರು ತಿಂಗಳ ಹಿಂದೆ ಬಂದವನ ಕಷ್ಟಕ್ಕೂ ಬಹಳ ಅಂತರವಿತ್ತು. ಆ ಅಂತರವನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ನನ್ನದೇ ಲೆಕ್ಕದಿಂದ ಆರಂಭಿಸುತ್ತೇನೆ. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುವ ಚಿಕ್ಕ ಘಟಕವೊಂದು ನನ್ನದು. 2020ರ ಮಾರ್ಚ್ ತಿಂಗಳಿನಲ್ಲಿ ನನ್ನಲ್ಲಿ 15 ಜನ ದುಡಿಯುತ್ತಿದ್ದರು. ಹನ್ನೊಂದು ಜನ ನನ್ನ ಹಾಜರಿ ಪುಸ್ತಕದಲ್ಲಿದ್ದ ಹಳಬರು. ಉಳಿದ ನಾಲ್ವರು ಜನವರಿಯಲ್ಲಿ ಗುತ್ತಿಗೆದಾರನೊಬ್ಬನ ಮೂಲಕ ಒಡಿಶಾದಿಂದ ಬಂದವರು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಮಂತ್ರಿಗಳು 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಅದು ಜಾರಿಗೆ ಬಂದದ್ದು ನಾಲ್ಕೇ ಗಂಟೆಗಳ ನಂತರ. ಮರುದಿನದಿಂದ ಗುತ್ತಿಗೆದಾರನ ದೂರವಾಣಿ ಸ್ತಬ್ಧವಾಯಿತು. ಆಗ ಪುಸ್ತಕ ತೆರೆದು ನೋಡಿದರೆ ಆ ನಾಲ್ವರ ಹೆಸರೂ ನನ್ನಲ್ಲಿರಲಿಲ್ಲ. 'ಸಹಾಯಕರು - 4' ಎಂದಷ್ಟೇ ಬರೆದಿತ್ತು.

ಹಳಬರಿಗೆ ಮಾರ್ಚ್ ತಿಂಗಳ ಪೂರ್ಣ ವೇತನವನ್ನೂ ಏಪ್ರಿಲ್ ತಿಂಗಳ ಅರ್ಧ ವೇತನವನ್ನೂ ಅವರ ಬ್ಯಾಂಕ್ ಖಾತೆಗೆ ಹಾಕಿದೆ. ಹೊಸಬರ ಖಾತೆಯ ಸಂಖ್ಯೆ ನನಗೆ ತಿಳಿದಿರಲಿಲ್ಲ, ಕೇಳಿಯೂ ಇರಲಿಲ್ಲ. ಅವರು ಗುತ್ತಿಗೆದಾರನ ಜನರೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಒಂದು ಮೂಟೆ ಅಕ್ಕಿ ಕಳುಹಿಸಿದ್ದನ್ನು ಬಿಟ್ಟರೆ ಅವರಿಗೆ ನನ್ನಿಂದ ಬೇರೇನೂ ಸಲ್ಲಲಿಲ್ಲ. ಗುತ್ತಿಗೆಯ ಮೇಲೆ ಬಂದವರ ಇ.ಎಸ್.ಐ. ಹೊಣೆ ಪ್ರಧಾನ ಉದ್ಯೋಗದಾತನದೂ ಹೌದೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ತಿಳಿದಿದ್ದೂ ಉಪೇಕ್ಷಿಸಿದ್ದೆ. ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ನಮ್ಮಲ್ಲಿ ಅನೇಕರ ಪುಸ್ತಕಗಳು ಇದಕ್ಕಿಂತ ಬೇರೆಯಾಗಿರಲಿಲ್ಲವೆಂದು ನಾನು ಬಲ್ಲೆ.

ಸಾಲದೊಡನೆ ಬರುವ ಕಾರ್ಮಿಕ

ವಲಸೆ ಬಂದವನ ಮೊದಲ ಆರು ತಿಂಗಳ ಹಣಕಾಸನ್ನು ವ್ಯಾಪಾರಿಯ ದೃಷ್ಟಿಯಿಂದಲೇ ನೋಡೋಣ. ರೈಲಿನ ಖರ್ಚು, ಬಾಡಿಗೆ ಕೊಠಡಿಯ ಮುಂಗಡ, ಪಾತ್ರೆಪಡಗ, ಮೊದಲ ವೇತನದವರೆಗಿನ ಊಟ, ಇವೆಲ್ಲಕ್ಕೂ ಅವನು ಊರಿನಲ್ಲಿಯೋ ಗುತ್ತಿಗೆದಾರನ ಬಳಿಯೋ ಸಾಲ ಮಾಡಿರುತ್ತಾನೆ. ಮೊದಲ ಕೆಲವು ತಿಂಗಳ ದುಡಿಮೆ ಆ ಸಾಲಕ್ಕೇ ಜಮೆಯಾಗುತ್ತದೆ. ಉಳಿತಾಯ ಆರಂಭವಾಗುವುದು ಆಮೇಲೆ. ಹಾಗಾಗಿ ಮೂರನೆಯ ತಿಂಗಳಿನಲ್ಲಿ ಕೆಲಸ ನಿಂತರೆ ಅವನ ಕೈಯಲ್ಲಿರುವುದು ಉಳಿತಾಯವಲ್ಲ, ಋಣ. ಹಳಬನಿಗೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಸಿಗುತ್ತದೆ, ಮನೆಯ ಮಾಲೀಕ ಒಂದು ತಿಂಗಳು ತಾಳುತ್ತಾನೆ. ಹೊಸಬನನ್ನು ನಂಬುವವರು ಯಾರು? ಭಾಷೆಯೂ ಬಾರದು.

ಆ ವರ್ಷದ ಏಪ್ರಿಲ್ ಮಧ್ಯದಲ್ಲಿ 'ಸ್ಟ್ರ್ಯಾಂಡೆಡ್ ವರ್ಕರ್ಸ್ ಆಕ್ಷನ್ ನೆಟ್‌ವರ್ಕ್' ಎಂಬ ಸ್ವಯಂಸೇವಕರ ಬಳಗವು 11 ಸಾವಿರಕ್ಕೂ ಮಿಕ್ಕಿದ ಕಾರ್ಮಿಕರ ಸ್ಥಿತಿಗತಿಯ ವರದಿಯೊಂದನ್ನು ಪ್ರಕಟಿಸಿತು. ಅದರ ಪ್ರಕಾರ ಶೇ. 89ರಷ್ಟು ಜನರಿಗೆ ಲಾಕ್‌ಡೌನ್ ಅವಧಿಯಲ್ಲಿ ಮಾಲೀಕರಿಂದ ವೇತನ ಬಂದಿರಲಿಲ್ಲ. ಶೇ. 96ರಷ್ಟು ಜನರಿಗೆ ಸರ್ಕಾರದ ಪಡಿತರ ತಲುಪಿರಲಿಲ್ಲ. ಇವರು ನೆರವು ಕೋರಿ ಕರೆ ಮಾಡಿದವರಾದುದರಿಂದ ಈ ಅಂಕಿಗಳನ್ನು ಎಲ್ಲ ಕಾರ್ಮಿಕರಿಗೂ ಅನ್ವಯಿಸಲಾಗದು. ಆದರೂ ನಮ್ಮ ಕಡೆಗೆ ಬೆರಳು ತೋರುವ ಅಂಕಿಗಳೆಂಬುದನ್ನು ಅಲ್ಲಗಳೆಯಲಾಗದು.

ಹಳಬರಿಗಷ್ಟೇ ತಲುಪಿದ ನೆರವು

ಸರ್ಕಾರಗಳು ಕೈಕಟ್ಟಿ ಕುಳಿತಿದ್ದವೆಂದು ನಾನು ಹೇಳುವುದಿಲ್ಲ. ಆದರೆ ಪ್ರತಿಯೊಂದು ನೆರವಿಗೂ ಒಂದು ಬಾಗಿಲಿತ್ತು, ಆ ಬಾಗಿಲಿನಲ್ಲಿ ಹೊಸಬನನ್ನು ತಡೆಯಲಾಗುತ್ತಿತ್ತು. 2020ರ ಏಪ್ರಿಲ್‌ನಿಂದ ಪ್ರತಿ ವ್ಯಕ್ತಿಗೆ ತಿಂಗಳಿಗೆ 5 ಕಿಲೋ ಉಚಿತ ಧಾನ್ಯ ದೊರೆಯಿತು, ಪಡಿತರ ಚೀಟಿ ಇದ್ದವರಿಗೆ. ನಮ್ಮ ಒಡಿಶಾದ ಹುಡುಗರ ಚೀಟಿ ಊರಿನಲ್ಲಿತ್ತು. ಒಂದು ರಾಜ್ಯದ ಚೀಟಿಗೆ ಇನ್ನೊಂದು ರಾಜ್ಯದಲ್ಲಿ ಧಾನ್ಯ ಕೊಡುವ ವ್ಯವಸ್ಥೆಗೆ ಆಗಿನ್ನೂ ಒಡಿಶಾ ಸೇರಿರಲಿಲ್ಲ. ಚೀಟಿಯಿಲ್ಲದ ವಲಸೆಗಾರರಿಗೂ ಧಾನ್ಯ ಕೊಡುವ ಘೋಷಣೆ ಬಂದದ್ದು ಮೇ ಮಧ್ಯದಲ್ಲಿ.

ಭವಿಷ್ಯ ನಿಧಿಯಿಂದ ಮೂರು ತಿಂಗಳ ವೇತನ ಅಥವಾ ಜಮೆಯ ಶೇ. 75, ಇವೆರಡರಲ್ಲಿ ಕಡಿಮೆಯಾದುದನ್ನು ಹಿಂಪಡೆಯಲು ಅವಕಾಶ ನೀಡಲಾಯಿತು. ಎರಡು ತಿಂಗಳ ಹಿಂದೆ ಸೇರಿದವನ ಖಾತೆಯಲ್ಲಿ ಇರುವುದಾದರೂ ಎಷ್ಟು? ಇ.ಎಸ್.ಐ. ನಿಗಮವು ನಿರುದ್ಯೋಗ ಪರಿಹಾರವನ್ನು ಸರಾಸರಿ ವೇತನದ ಶೇ. 25ರಿಂದ ಶೇ. 50ಕ್ಕೆ ಏರಿಸಿದ್ದು ಶ್ಲಾಘನೀಯ. ಆದರೆ ಅದಕ್ಕೆ ಕನಿಷ್ಠ ಎರಡು ವರ್ಷ ವಿಮೆಗೆ ಒಳಪಟ್ಟ ಕೆಲಸದಲ್ಲಿರಬೇಕಿತ್ತು. ನಮ್ಮ ರಾಜ್ಯ ಸರ್ಕಾರ ಕಟ್ಟಡ ಕಾರ್ಮಿಕರಿಗೆ ಎರಡು ಕಂತುಗಳಲ್ಲಿ 5,000 ರೂಪಾಯಿ ಘೋಷಿಸಿತು, ನೋಂದಾಯಿತರಿಗೆ. ನೋಂದಣಿಗೆ ಹಿಂದಿನ 12 ತಿಂಗಳಿನಲ್ಲಿ 90 ದಿನ ಆ ಕೆಲಸ ಮಾಡಿರಬೇಕು. ಈ ನಿಯಮಗಳಲ್ಲಿ ಯಾವುದೂ ದುರುದ್ದೇಶದಿಂದ ಮಾಡಿದ್ದಲ್ಲ. ಆದರೆ ಎಲ್ಲವನ್ನೂ ಕೂಡಿಸಿ ನೋಡಿದರೆ ಅಗತ್ಯ ಅತ್ಯಧಿಕವಾಗಿದ್ದವನಿಗೆ ಅರ್ಹತೆ ಅತ್ಯಲ್ಪವಾಗಿತ್ತು. ಅವನಿಗೆ ಈ ಊರಿನಲ್ಲಿ ಉಳಿದಿದ್ದ ಒಂದೇ ವಿಳಾಸ ಅವನು ದುಡಿಯುತ್ತಿದ್ದ ಕಾರ್ಖಾನೆಯದು.

ಮನಸ್ಸಿನ ಭಾರ

ಏಪ್ರಿಲ್ ಮೊದಲ ವಾರದಲ್ಲಿ ಆ ನಾಲ್ವರಲ್ಲೊಬ್ಬ ನನಗೆ ಕರೆ ಮಾಡಿದ. ವೇತನ ಕೇಳಲಿಲ್ಲ. ತಾವು ಕ್ಷೇಮವಾಗಿದ್ದೇವೆಂದು ಊರಿನಲ್ಲಿರುವ ತಾಯಿಗೆ ನಾನೇ ಹೇಳಬೇಕೆಂದು ಬೇಡಿದ. ಮಗ ಹೇಳಿದರೆ ಆಕೆ ನಂಬುತ್ತಿರಲಿಲ್ಲವಂತೆ. ಹತ್ತಡಿಯ ಕೊಠಡಿಯಲ್ಲಿ ನಾಲ್ವರು ಹಗಲಿರುಳು ಕುಳಿತು, ರೋಗದ ಭಯ, ಬಾಡಿಗೆಯ ಭಯ, ಊರಿನ ಸಾಲಗಾರನ ಭಯ ಇವುಗಳೊಡನೆ ನಿದ್ದೆಗೆಟ್ಟಿದ್ದರು. ಪರಿಹಾರ ಶಿಬಿರಗಳಲ್ಲಿರುವ ವಲಸಿಗರ ಆತಂಕವನ್ನು ಶಮನಗೊಳಿಸಲು ತರಬೇತಿ ಪಡೆದ ಆಪ್ತಸಮಾಲೋಚಕರು ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 31ರಂದೇ ಹೇಳಿತ್ತು. ಶಿಬಿರದ ಹೊರಗೆ ಬಾಡಿಗೆ ಕೊಠಡಿಗಳಲ್ಲಿದ್ದವರಿಗೆ ಅಂಥವರು ಯಾರಿದ್ದರು?

ಮೇ ತಿಂಗಳಿನಲ್ಲಿ ಇನ್ನೊಂದು ಘಟನೆ ನಡೆಯಿತು. ಕಟ್ಟಡ ನಿರ್ಮಾಣ ಉದ್ದಿಮೆದಾರರೊಡನೆ ಮುಖ್ಯಮಂತ್ರಿಗಳ ಸಭೆಯಾದ ಮೇ 5ರಂದೇ ನಮ್ಮ ರಾಜ್ಯವು ರೈಲ್ವೆಗೆ ಪತ್ರ ಬರೆದು ಶ್ರಮಿಕ ವಿಶೇಷ ರೈಲುಗಳು ಬೇಡವೆಂದಿತು. ತೀವ್ರ ಟೀಕೆಯ ನಂತರ ಎರಡೇ ದಿನದಲ್ಲಿ ಆ ನಿರ್ಧಾರ ಬದಲಾಯಿತು. ಊಟ ವೇತನಗಳಿಲ್ಲದೆ ಕುಳಿತವನಿಗೆ ಊರಿಗೆ ಹೋಗುವ ದಾರಿಯೂ ಮುಚ್ಚಿತೆಂದರೆ ಅವನಿಗೆ ಹೇಗನಿಸಿರಬೇಕು? ಆ ಎರಡು ದಿನಗಳಲ್ಲಿ ಎಷ್ಟೋ ಜನ ಕಾಲ್ನಡಿಗೆಯಲ್ಲೇ ಹೊರಟರು. ಸರಕನ್ನು ಗೋದಾಮಿನಲ್ಲಿ ತಡೆದಿಟ್ಟಂತೆ ಮನುಷ್ಯರನ್ನು ತಡೆದಿಡಲಾಗದೆಂಬ ಪಾಠ ವಾಣಿಜ್ಯ ವಲಯಕ್ಕೆ ಅಂದು ದೊರೆಯಿತು. ನನ್ನ ನಾಲ್ವರೂ ಆ ತಿಂಗಳ ಕೊನೆಗೆ ರೈಲು ಹತ್ತಿದರು. ಮರಳಿ ಬಂದವನು ಒಬ್ಬನೇ.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಅದೇ ಮೇ ತಿಂಗಳ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದಿಳಿಯಿತು. ಕೊಲ್ಲಿ ನಾಡಿನಲ್ಲಿ ಕೆಲಸ ಕಳೆದುಕೊಂಡ ಕರಾವಳಿಯ ನಮ್ಮ ಮಕ್ಕಳೂ ಅಲ್ಲಿ ಹೊಸಬರಾಗಿಯೇ ಇದ್ದರು. ಅವರನ್ನು ಅಲ್ಲಿನ ಮಾಲೀಕ ಹೇಗೆ ನಡೆಸಿಕೊಳ್ಳಬೇಕೆಂದು ನಾವು ಬಯಸಿದೆವೋ, ಇಲ್ಲಿನ ಹೊಸಬನ ತಂದೆತಾಯಿಯರೂ ನಮ್ಮಿಂದ ಅದನ್ನೇ ಬಯಸುತ್ತಾರೆ.

ಸಣ್ಣ ಉದ್ದಿಮೆದಾರನ ಇತಿಮಿತಿ

'ನಮಗೇ ದುಡ್ಡಿರಲಿಲ್ಲ, ಕೊಡುವುದೆಲ್ಲಿಂದ?' ಎಂದು ಸದಸ್ಯರು ಕೇಳಬಹುದು. ಈ ಪ್ರಶ್ನೆ ನ್ಯಾಯವಾದುದೇ. ಪೂರ್ಣ ವೇತನ ಕೊಡಬೇಕೆಂದು ಕೇಂದ್ರ ಗೃಹ ಸಚಿವಾಲಯವು ಮಾರ್ಚ್ 29ರಂದು ಹೊರಡಿಸಿದ ಆದೇಶ ಬಹುಪಾಲು ಸಣ್ಣ ಘಟಕಗಳ ಶಕ್ತಿಗೆ ಮೀರಿದ್ದಾಗಿತ್ತು. ಮೇ 18ರಿಂದ ಅದು ರದ್ದಾಯಿತು. ಜೂನ್ 12ರಂದು ಸರ್ವೋಚ್ಚ ನ್ಯಾಯಾಲಯವು ಮಾಲೀಕರೂ ಕಾರ್ಮಿಕರೂ ಮಾತುಕತೆಯಿಂದ ಬಗೆಹರಿಸಿಕೊಳ್ಳಲು ಸೂಚಿಸಿತು. ಆದರೆ ಹೆಸರೇ ಗೊತ್ತಿಲ್ಲದವನೊಡನೆ ಮಾತುಕತೆ ಹೇಗೆ ಸಾಧ್ಯ? ನನ್ನ ಕೊರತೆ ಹಣದ್ದು ಮಾತ್ರವಾಗಿರಲಿಲ್ಲ. ಅರ್ಧ ವೇತನವನ್ನು ಹನ್ನೊಂದರ ಬದಲು ಹದಿನೈದು ಜನರಿಗೆ ಹಂಚುವುದು ಅಸಾಧ್ಯವೇನೂ ಆಗಿರಲಿಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗುತ್ತಿಗೆದಾರನ ಮೂಲಕವಲ್ಲದೆ ತಾನಾಗಿ ಬಂದವನನ್ನೂ ಹೊಸ ಕಾನೂನು ಅಂತರರಾಜ್ಯ ವಲಸೆ ಕಾರ್ಮಿಕನೆಂದು ಗುರುತಿಸುತ್ತದೆ. ಇದು ಸ್ವಾಗತಾರ್ಹ. ಆದರೆ ಆ ಅಧ್ಯಾಯ ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಅಂತರರಾಜ್ಯ ವಲಸೆ ಕಾರ್ಮಿಕರಿರುವ ಸಂಸ್ಥೆಗಳಿಗೆ. 1979ರ ಹಳೆಯ ಕಾಯ್ದೆಯಲ್ಲಿ ಆ ಮಿತಿ ಐದಾಗಿತ್ತು. ನಾಲ್ವರು, ಆರು ಜನ ಹೊಸಬರಿರುವ ನಮ್ಮಂಥ ಘಟಕಗಳಿಗೆ ಆ ಕಾನೂನು ತಲುಪದು. ಆದುದರಿಂದ ನಾವೇ ಮಾಡಿಕೊಳ್ಳಬೇಕಾದ ವ್ಯವಸ್ಥೆಯ ಕುರಿತು ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಕೆಲಸಕ್ಕೆ ಸೇರಿದ ದಿನವೇ ಪ್ರತಿಯೊಬ್ಬನ ಹೆಸರು, ಊರು, ಮನೆಯವರ ದೂರವಾಣಿ, ಬ್ಯಾಂಕ್ ಖಾತೆ ನಮ್ಮ ಪುಸ್ತಕದಲ್ಲಿರಲಿ, ಅವನು ಯಾರ ಮೂಲಕವೇ ಬಂದಿರಲಿ. ವೇತನ ಅವನ ಖಾತೆಗೇ ಹೋಗಲಿ.

ಎರಡನೆಯದಾಗಿ, ಇ.ಎಸ್.ಐ. ವ್ಯಾಪ್ತಿಗೆ ಬರುವ ಘಟಕಗಳು ಮೊದಲ ದಿನದಿಂದಲೇ ಅವನನ್ನು ಸೇರಿಸಲಿ. 15,000 ರೂಪಾಯಿ ವೇತನಕ್ಕೆ ಮಾಲೀಕನ ಪಾಲು ಶೇ. 3.25ರಂತೆ ತಿಂಗಳಿಗೆ 488 ರೂಪಾಯಿ. ನಿರುದ್ಯೋಗ ಪರಿಹಾರಕ್ಕೆ ಕಾಯಬೇಕಾದರೂ ವೈದ್ಯಕೀಯ ನೆರವಿಗೆ ಕಾಯಬೇಕಿಲ್ಲ.

ಮೂರನೆಯದಾಗಿ, ಊರಿನ ಪಡಿತರ ಚೀಟಿಯ ಮೇಲೆ ಇಲ್ಲಿಯೂ ಧಾನ್ಯ ಪಡೆಯಬಹುದೆಂಬುದನ್ನು ಅವನಿಗೆ ತಿಳಿಸಿ, 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನು ಮಾಡಿಸೋಣ. ಇದಕ್ಕೆ ತಗಲುವುದು ಅರ್ಧ ದಿನದ ಬಿಡುವು ಮಾತ್ರ.

ಕೊನೆಯದಾಗಿ, ನಮ್ಮ ಸಂಸ್ಥೆಯ ಆಶ್ರಯದಲ್ಲಿ ಒಂದು ತುರ್ತು ನಿಧಿ ಇರಲಿ. ಸದಸ್ಯರು ಪ್ರತಿ ಕಾರ್ಮಿಕನಿಗೆ ತಿಂಗಳಿಗೆ 50 ರೂಪಾಯಿಯಂತೆ ತೆಗೆದಿಟ್ಟರೆ, ಸಾವಿರ ಕಾರ್ಮಿಕರಿಗೆ ವರ್ಷಕ್ಕೆ 6 ಲಕ್ಷ ರೂಪಾಯಿ ಆಗುತ್ತದೆ. ಅವರಲ್ಲಿ 150 ಜನ ಹೊಸಬರೆಂದುಕೊಂಡರೆ ಸಂಕಟದ ಕಾಲದಲ್ಲಿ ತಲಾ 4,000 ರೂಪಾಯಿ ಕೊಡಬಹುದು. ದೊಡ್ಡ ಮೊತ್ತವಲ್ಲ. ಆದರೆ ಒಂದು ತಿಂಗಳ ಊಟ ಬಾಡಿಗೆಗೆ ಆಧಾರವಾಗುತ್ತದೆ. ಕಾರ್ಮಿಕನು ಒಂದು ಸದಸ್ಯನ ಘಟಕ ಬಿಟ್ಟು ಮತ್ತೊಂದಕ್ಕೆ ಹೋದರೂ ನಿಧಿ ಸಾಮೂಹಿಕವಾದುದರಿಂದ ಯಾರಿಗೂ ನಷ್ಟವಿಲ್ಲ.

ಮರಳಿ ಬಂದ ಆ ಒಬ್ಬನು ಇಂದು ನನ್ನಲ್ಲಿ ಯಂತ್ರ ನಡೆಸುವ ನುರಿತ ಕೆಲಸಗಾರ. ಉಳಿದ ಮೂವರ ಮಾರ್ಚ್ ತಿಂಗಳ ಬಾಕಿಯನ್ನು ಅವನ ಮೂಲಕವೇ ವಿಳಾಸ ತಿಳಿದು, ತಡವಾಗಿಯಾದರೂ ಕಳುಹಿಸಿಕೊಟ್ಟೆ. ಇಬ್ಬರಿಗೆ ತಲುಪಿತು. ಮೂರನೆಯವನ ಖಾತೆ ಈವರೆಗೆ ಸಿಕ್ಕಿಲ್ಲ, ಆ ಮೊತ್ತ ನನ್ನ ಪುಸ್ತಕದಲ್ಲಿ ಇಂದಿಗೂ ಬಾಕಿಯೆಂದೇ ಇದೆ. ತುರ್ತು ನಿಧಿಯ ಸಲಹೆಯನ್ನು ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಸದಸ್ಯ ಬಾಂಧವರು ಆ ಸಭೆಗೆ ಬರುವ ಮುನ್ನ ತಮ್ಮ ಹಾಜರಿ ಪುಸ್ತಕವನ್ನೊಮ್ಮೆ ತೆರೆದು ನೋಡಲಿ.