ಹಸಿರಿನ ಬುಡದಲ್ಲಿ ಉಪ್ಪು ಕೂಡುತ್ತಿದೆ

ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ ರಸ್ತೆ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್ಸು ಮತ್ತು ಅಪಾರ್ಟ್‌ಮೆಂಟುಗಳ ತೋಟಗಳು ಇವತ್ತು ಹಸಿರಾಗಿವೆ. ಇನ್ನು ಹತ್ತು ವರ್ಷಕ್ಕೂ ಹೀಗೇ ಇರುತ್ತವೆ ಎಂದು ಹೇಳುವ ಧೈರ್ಯ ನಮಗಿಲ್ಲ. ನೀರಿನ ಅಭಾವದ ಬಗ್ಗೆ ಪ್ರತಿ ಬೇಸಿಗೆಯಲ್ಲೂ ಮಾತು ನಡೆಯುತ್ತದೆ. ಆದರೆ ಗಿಡಕ್ಕೆ ಹಾಯಿಸುತ್ತಿರುವ ನೀರಿನಲ್ಲಿ ಏನಿದೆ, ಅದು ಮಣ್ಣಿಗೆ ಏನು ಮಾಡುತ್ತಿದೆ ಎಂದು ಕೇಳುವವರು ಕಡಿಮೆ. ಆ ನೀರಿನ ಜೊತೆ ದಿನವೂ ಉಪ್ಪು ಮಣ್ಣಿಗೆ ಇಳಿಯುತ್ತಿದೆ. ಅದು ಕಣ್ಣಿಗೆ ಕಾಣುವ ಹೊತ್ತಿಗೆ ಮಣ್ಣು ಅರ್ಧ ಕೆಟ್ಟಿರುತ್ತದೆ. ಅದಕ್ಕೇ ಈ ಮಾತನ್ನು ಈಗಲೇ ಹೇಳಬೇಕಾಗಿದೆ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಆ ಆದೇಶ ಸರಿಯಾಗಿಯೇ ಇತ್ತು. ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರ್ ಹಿಂದೆ ಅಲೆಯುತ್ತಿದ್ದಾಗ ಹುಲ್ಲುಹಾಸಿಗೆ ಕಾವೇರಿ ನೀರು ಬಿಡುವುದನ್ನು ಯಾರೂ ಸಮರ್ಥಿಸಲಾರರು. ಅದಕ್ಕೂ ಮೊದಲೇ ದೊಡ್ಡ ವಸತಿ ಸಮುಚ್ಚಯಗಳೂ ಕಂಪನಿಗಳೂ ತಮ್ಮ ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ, ಅಂದರೆ ಎಸ್‌ಟಿಪಿಯಲ್ಲಿ, ಶುದ್ಧೀಕರಿಸಿದ ನೀರನ್ನೇ ಫ್ಲಶ್‌ಗೂ ತೋಟಕ್ಕೂ ಬಳಸುತ್ತಿದ್ದವು. ಈ ವ್ಯವಸ್ಥೆ ಉಳಿಯಬೇಕು, ಬೆಳೆಯಬೇಕು. ಅದು ಉಳಿಯಬೇಕೆಂಬ ಕಾಳಜಿಯಿಂದಲೇ ಅದರಲ್ಲಿರುವ ಒಂದು ದೋಷವನ್ನು ಇಲ್ಲಿ ಎತ್ತುತ್ತಿದ್ದೇವೆ.

ಎಸ್‌ಟಿಪಿ ಕೊಳೆಯನ್ನು ತೆಗೆಯುತ್ತದೆ, ವಾಸನೆ ತೆಗೆಯುತ್ತದೆ, ರೋಗಾಣುಗಳನ್ನು ಕೊಲ್ಲುತ್ತದೆ. ನೀರಿನಲ್ಲಿ ಕರಗಿದ ಉಪ್ಪನ್ನು ಮಾತ್ರ ತೆಗೆಯುವುದಿಲ್ಲ. ಈ ಭಾಗದ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಗಡಸು. ಗೀಸರ್ ಹಾಳಾಗುತ್ತದೆ, ನಲ್ಲಿಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಕೂದಲು ಉದುರುತ್ತದೆ ಎಂದು ಅಪಾರ್ಟ್‌ಮೆಂಟಿನವರು ಸಾಫ್ಟ್‌ನರ್ ಹಾಕಿಸುತ್ತಾರೆ. ಸಾಫ್ಟ್‌ನರ್ ಒಳಗಿನ ರೆಸಿನ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತದೆ. ಲೆಕ್ಕ ಸರಳ: 100 ಮಿಲಿಗ್ರಾಂ ಗಡಸುತನ ತೆಗೆದರೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರನ್ನು ಪೂರ್ತಿ ಮೆದುಗೊಳಿಸಿದರೆ 184 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಬಂದಂತಾಯಿತು. ರೆಸಿನ್ ಸೋತಾಗ ಅದನ್ನು ಮತ್ತೆ ಸಜ್ಜುಗೊಳಿಸಲು ಚೀಲಗಟ್ಟಲೆ ಉಪ್ಪು ಸುರಿದು ತೊಳೆಯುತ್ತಾರೆ. ಆ ಉಪ್ಪುನೀರೂ ಹಲವು ಕಡೆ ಎಸ್‌ಟಿಪಿಗೇ ಹೋಗುತ್ತದೆ.

ಸಾಫ್ಟ್‌ನರ್ ಕೋಣೆಗೆ ಐವತ್ತು ಕಿಲೋ ಉಪ್ಪಿನ ಚೀಲ ಇಳಿದರೆ ಆ ಐವತ್ತು ಕಿಲೋ ಎಲ್ಲಿಯೂ ಮಾಯವಾಗುವುದಿಲ್ಲ. ಸ್ವಲ್ಪ ಮನೆಗಳ ನಲ್ಲಿಯ ಮೂಲಕ, ಉಳಿದದ್ದು ನೇರವಾಗಿ ಚರಂಡಿಯ ಮೂಲಕ ಎಸ್‌ಟಿಪಿ ಸೇರಿ, ಅಲ್ಲಿಂದ ತೋಟದ ಪೈಪಿಗೆ ಬರುತ್ತದೆ. ಬಟ್ಟೆ ತೊಳೆಯುವ ಪುಡಿ, ಅಡುಗೆಮನೆಯ ಉಪ್ಪು, ಆರ್‌ಓ ಯಂತ್ರ ಹೊರಬಿಡುವ ನೀರು ಎಲ್ಲವೂ ಅದಕ್ಕೆ ಸೇರುತ್ತವೆ. ಫ್ಲಶ್‌ಗೆ ಹೋದ ನೀರು ಮತ್ತೆ ಎಸ್‌ಟಿಪಿಗೆ ಮರಳುವುದರಿಂದ ಒಂದೊಂದು ಸುತ್ತಿಗೂ ಲವಣ ಏರುತ್ತಾ ಹೋಗುತ್ತದೆ.

ಈಗ ತೋಟಕ್ಕೆ ಬನ್ನಿ. ಹುಲ್ಲುಹಾಸಿಗೆ ದಿನಕ್ಕೆ ಚದರ ಮೀಟರಿಗೆ ಐದು ಲೀಟರ್ ನೀರು ಎಂದುಕೊಳ್ಳೋಣ. ಲೀಟರಿಗೆ ಒಂದು ಗ್ರಾಂ ಲವಣ ಇದ್ದರೆ ದಿನಕ್ಕೆ ಐದು ಗ್ರಾಂ. ಬೆಂಗಳೂರಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಆ ಅವಧಿಯ ನೂರು ದಿನಕ್ಕೆ ಚದರ ಮೀಟರಿಗೆ ಅರ್ಧ ಕಿಲೋ, ಎಕರೆಗೆ ಎರಡು ಟನ್. ನೀರು ಆವಿಯಾಗುತ್ತದೆ, ಗಿಡ ಕುಡಿಯುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ.

ಬರೀ ಉಪ್ಪಾಗಿದ್ದರೆ ಮುಂಗಾರು ಮಳೆ ಅದನ್ನು ಬಹುಪಾಲು ತೊಳೆದು ಕೆಳಗಿಳಿಸುತ್ತಿತ್ತು. ಸೋಡಿಯಂ ಸ್ವಭಾವ ಬೇರೆ. ಜೇಡಿಯ ಸಣ್ಣ ಕಣಗಳನ್ನು ಹರಳುಹರಳಾಗಿ ಕೂಡಿಸಿ ಇಡುವುದು ಕ್ಯಾಲ್ಸಿಯಂ. ಅದರ ಜಾಗವನ್ನು ಸೋಡಿಯಂ ಹಿಡಿದರೆ ಕಣಗಳು ಒಂದನ್ನೊಂದು ಬಿಟ್ಟು ಚದುರುತ್ತವೆ. ಸಾಫ್ಟ್‌ನರ್ ನೀರು ಸೋಡಿಯಂ ಕೊಡುವುದರ ಜೊತೆಗೆ ಕ್ಯಾಲ್ಸಿಯಂ ಅನ್ನು ಮೊದಲೇ ಕಿತ್ತುಕೊಂಡಿರುವುದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಬೇಸಿಗೆಯಿಡೀ ಉಪ್ಪುನೀರು ಕುಡಿದ ಮಣ್ಣು ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಏಪ್ರಿಲ್‌, ಮೇ ತಿಂಗಳ ಸಿಹಿಮಳೆ ಬಿದ್ದಾಗ ಅದರ ಬಣ್ಣ ಬಯಲಾಗುತ್ತದೆ. ಕಣಗಳು ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ಹೋದ ವರ್ಷ ನೀರು ಇಂಗುತ್ತಿದ್ದ ಜಾಗದಲ್ಲಿ ಈ ವರ್ಷ ನೀರು ನಿಲ್ಲುತ್ತದೆ. ಒಣಗಿದ ಮೇಲೆ ಮೇಲ್ಪದರ ಹಲಗೆಯಂತೆ ಗಟ್ಟಿಯಾಗುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ.

ಮೊದಲ ಗುರುತುಗಳನ್ನು ಮಾಲಿಗಳು ಎಲ್ಲರಿಗಿಂತ ಮುಂಚೆ ನೋಡಿರುತ್ತಾರೆ: ಎಲೆಯ ತುದಿ ಮತ್ತು ಅಂಚು ಸುಟ್ಟಂತೆ ಕಂದಾಗುವುದು, ಪಾತಿಯ ಅಂಚಿನಲ್ಲಿ ಬೆಳ್ಳಗೆ ಕಟ್ಟುವ ಪುಡಿ, ಸ್ಪ್ರಿಂಕ್ಲರ್ ತಾಗುವಷ್ಟು ಎತ್ತರಕ್ಕೆ ಮಾತ್ರ ಒಣಗುವ ಎಲೆ. ತುಂತುರು ನೀರಿನಲ್ಲಿ ಸೋಡಿಯಂ ಲೀಟರಿಗೆ ಸುಮಾರು 70 ಮಿಲಿಗ್ರಾಂ ದಾಟಿದರೆ ಸೂಕ್ಷ್ಮ ಗಿಡಗಳ ಎಲೆಗೆ ಹಾನಿ ಶುರುವಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೀರಾವರಿ ಮಾರ್ಗಸೂಚಿ ಹೇಳುತ್ತದೆ. ಗುಲಾಬಿ ಮೊದಲು ಸೋಲುತ್ತದೆ, ಮಾವಿನ ಸಸಿ ಏಳುವುದೇ ಇಲ್ಲ. ಮಾಲಿ ಹೇಳುತ್ತಾರೆ, ಮೇಲಿನವರು ಕೇಳಿಸಿಕೊಳ್ಳುವುದು ಬೇರೆ. ನೀರು ಸಾಲದು ಎಂದು ಇನ್ನಷ್ಟು ನೀರು ಬಿಡಿಸುತ್ತಾರೆ, ಗೊಬ್ಬರ ಸಾಲದು ಎಂದು ಯೂರಿಯಾ ಹಾಕಿಸುತ್ತಾರೆ, ಗಿಡ ಸತ್ತರೆ ನರ್ಸರಿಯಿಂದ ಹೊಸದು ತರಿಸುತ್ತಾರೆ. ಗುತ್ತಿಗೆಯಲ್ಲಿ ಗಿಡ ಬದಲಾಯಿಸುವ ಷರತ್ತು ಇರುವ ಕಡೆ ಸತ್ತ ಗಿಡಗಳ ಲೆಕ್ಕ ಯಾರಿಗೂ ಕಾಣುವುದೇ ಇಲ್ಲ.

ಕೊನೆಗೆ ಕೋನೊಕಾರ್ಪಸ್ ನೆಡುತ್ತಾರೆ. ಕಾಂಪೌಂಡ್ ಉದ್ದಕ್ಕೂ ಹಸಿರು ಗೋಡೆಯಂತೆ ನಿಲ್ಲುವ ಈ ಗಿಡ ಮೂಲತಃ ಉಪ್ಪುನೀರಿನ ಕರಾವಳಿಯದು, ಉಪ್ಪನ್ನು ತಾಳಿಕೊಳ್ಳುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನು ನಿಷೇಧಿಸಿತು. ಪರಾಗದಿಂದಾಗುವ ಅಲರ್ಜಿ, ಪೈಪುಗಳಿಗೆ ನುಗ್ಗುವ ಬೇರು ಅಲ್ಲಿ ಹೇಳಿದ ಕಾರಣಗಳು. ನಮಗೆ ಕಾಣುವ ಅಪಾಯ ಇನ್ನೊಂದಿದೆ. ಎಲ್ಲ ಗಿಡ ಸಾಯುವ ಜಾಗದಲ್ಲಿ ಇದೊಂದು ನಳನಳಿಸಿದರೆ, ಮಣ್ಣು ಕೆಟ್ಟಿದೆ ಎಂಬ ಸುದ್ದಿ ಅದರ ಹಸಿರಿನ ಹಿಂದೆ ಮುಚ್ಚಿಹೋಗುತ್ತದೆ.

ಬೆಂಗಳೂರಿನ ಹಳೆಯ ಹಸಿರು ಹೀಗೆ ಬಂದದ್ದಲ್ಲ. 1980ರ ದಶಕದ ಆರಂಭದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಅವುಗಳಿಗೆ ಕಾಲ ಕೆಳಗೆ ನಿಜವಾದ ನೆಲವಿತ್ತು, ಮೊದಲ ಒಂದೆರಡು ವರ್ಷದ ಆರೈಕೆ ಬಿಟ್ಟರೆ ಉಳಿದದ್ದೆಲ್ಲ ಮಳೆ. ಕೆಂಪುಮಣ್ಣು ನೀರನ್ನು ಚೆನ್ನಾಗಿ ಬಸಿಯುತ್ತದೆ, ಸೋಡಿಯಂನ ಏಟನ್ನು ಕಪ್ಪುಮಣ್ಣಿಗಿಂತ ಹೆಚ್ಚು ದಿನ ತಡೆಯುತ್ತದೆ. ಇಷ್ಟು ವರ್ಷ ತೊಂದರೆ ಎದ್ದು ಕಾಣದಿರಲು ಅದೂ ಒಂದು ಕಾರಣ. ಆದರೆ ಇವತ್ತು ಹೊರವಲಯದಲ್ಲಿ ಎಷ್ಟೋ ತೋಟಗಳು ನೆಲದ ಮೇಲೇ ಇಲ್ಲ. ಎರಡು ಮೂರು ಅಂತಸ್ತಿನ ಪಾರ್ಕಿಂಗ್‌ನ ಸೂರಿನ ಮೇಲೆ ಎರಡಡಿ ಮಣ್ಣು ಹರಡಿ ಮಾಡಿದವು. ಕೆಳಗೆ ಕಾಂಕ್ರೀಟ್, ಅದರ ಮೇಲೆ ವಾಟರ್‌ಪ್ರೂಫಿಂಗ್. ಬಸಿಯುವ ತೂತು ಕಟ್ಟಿಕೊಂಡರೆ ಉಪ್ಪಿಗೆ ಇಳಿಯಲು ದಾರಿಯೇ ಇಲ್ಲ. ಮಣ್ಣು ಕೂಡ ಎಲ್ಲಿಂದಲೋ ಲಾರಿಯಲ್ಲಿ ಬಂದದ್ದು, ಜೆಸಿಬಿ ಓಡಾಡಿ ಗಟ್ಟಿಯಾದದ್ದು. ಅಂಥಲ್ಲಿ ದಿನವೂ ಚೂರು ಚೂರು ನೀರು ಕುಡಿದು ಬೆಳೆದ ಮರದ ಬೇರು ಮೇಲ್ಮೈಯಲ್ಲೇ ಹರಡುತ್ತದೆ. ಮುಂಗಾರುಪೂರ್ವ ಗಾಳಿಗೆ ಅದು ನಿಲ್ಲುವುದು ಕಷ್ಟ.

ಇದನ್ನೆಲ್ಲ ಊಹೆ ಎನ್ನುವವರು ತುಂಗಭದ್ರಾ ಅಚ್ಚುಕಟ್ಟಿನ ಕಡೆ ನೋಡಲಿ. ಸಿರುಗುಪ್ಪ, ಸಿಂಧನೂರು, ಗಂಗಾವತಿ ಭಾಗಕ್ಕೆ 1950ರ ದಶಕದಲ್ಲಿ ಕಾಲುವೆ ನೀರು ಬಂದಾಗ ಅದು ಬರದ ನಾಡಿಗೆ ಸಿಕ್ಕ ವರ. ಬಸಿಗಾಲುವೆಗೆ ಯಾರೂ ಗಮನ ಕೊಡಲಿಲ್ಲ. ವರ್ಷಗಳುರುಳಿದಂತೆ ಸಾವಿರಾರು ಹೆಕ್ಟೇರ್ ಭೂಮಿ ಸವಳು-ಜವಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಆ ಭೂಮಿಯನ್ನು ಮತ್ತೆ ಉಳುಮೆಗೆ ತರುವ ದಾರಿ ಹುಡುಕುತ್ತಿದೆ. ಅಲ್ಲಿನ ರೈತರಿಗೆ ಚೌಳು ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ನೀರು ಬಂದ ದಿನವೇ ಬಸಿಯುವ ದಾರಿ ಮಾಡಿದ್ದರೆ ಆಗುತ್ತಿದ್ದ ಖರ್ಚಿಗೂ ಈಗ ಸರಿಪಡಿಸುವ ಖರ್ಚಿಗೂ ಹೋಲಿಕೆಯೇ ಇಲ್ಲ.

ಬೆಂಗಳೂರಿನಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶದ ಮಾತು ಬೇರೆ, ಅಲ್ಲಿ ಉಪ್ಪಿನ ಜೊತೆ ಲೋಹದ ಚಿಂತೆಯೂ ಇದೆ. ಅಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಸುತ್ತಮುತ್ತಲ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಹಳೆಯ ಸಂಗತಿ. ಶೆಡ್ಡಿನ ಮುಂದಿನ ನಾಲ್ಕು ಗಿಡಕ್ಕೆ ಅದೇ ಬೋರ್‌ವೆಲ್ ನೀರು ಹಾಕುವವರು ಲೋಹಗಳ ಪರೀಕ್ಷೆಯನ್ನೂ ಮಾಡಿಸಲೇಬೇಕು. ಅಂಥ ಜಾಗದಲ್ಲಿ ಸೊಪ್ಪು ತರಕಾರಿ ಬೆಳೆಯಲೇ ಬಾರದು.

ನಿಯಮದ ಕಡೆಯಿಂದ ನೋಡಿದರೆ ವಿಚಿತ್ರ ಸ್ಥಿತಿ ಇದೆ. ನೀರಾವರಿಗೆ ಬಳಸುವ ನೀರಿನ ವಿದ್ಯುತ್ ವಾಹಕತೆ ಸೆಂಟಿಮೀಟರಿಗೆ 2,250 ಮೈಕ್ರೋಮೋ ಮೀರಬಾರದು, ಸೋಡಿಯಂಗೂ ಕ್ಯಾಲ್ಸಿಯಂ-ಮೆಗ್ನೀಷಿಯಂಗೂ ಇರುವ ಅನುಪಾತ, ಅಂದರೆ ಎಸ್‌ಎಆರ್, 26 ಮೀರಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಲ ವರ್ಗೀಕರಣದಲ್ಲೇ ಇದೆ. ಕೃಷಿ ವಿಜ್ಞಾನಿಗಳ ಕಣ್ಣಲ್ಲಿ 26 ಬಹಳ ಸಡಿಲ ಮಿತಿ. 9-10 ದಾಟಿದಾಗಲೇ ಹುಷಾರಾಗಬೇಕು. ಆದರೆ ಎಸ್‌ಟಿಪಿಯ ತಿಂಗಳ ವರದಿಯಲ್ಲಿ ಸಾಮಾನ್ಯವಾಗಿ ಇರುವುದು ಬಿಓಡಿ, ಸಿಓಡಿ, ಪಿಎಚ್, ತೇಲುವ ಘನವಸ್ತು, ಕೋಲಿಫಾರ್ಮ್. ನೀರು ನದಿಗೆ ಹೋಗುವುದಾದರೆ ಅಷ್ಟು ಸಾಕಿತ್ತು. ಹೋಗುತ್ತಿರುವುದು ಮಣ್ಣಿಗೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಆ ವರದಿಗೆ ಸೋಡಿಯಂ, ಎಸ್‌ಎಆರ್, ವಾಹಕತೆ ಎಂಬ ಮೂರು ಸಾಲು ಸೇರಿಸಿದರೆ ಇಡೀ ನಗರದ ಚಿತ್ರ ಒಂದೇ ವರ್ಷದಲ್ಲಿ ಕೈಗೆ ಸಿಗುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ತನ್ನದೇ ಟೌನ್‌ಶಿಪ್ ಪ್ರಾಧಿಕಾರ ಇದೆ. ಯಾರ ಆದೇಶಕ್ಕೂ ಕಾಯದೆ ಅದು ಈ ಕೆಲಸ ಶುರುಮಾಡಿ ಉಳಿದವರಿಗೆ ದಾರಿ ತೋರಿಸಬಹುದು.

ಅಸೋಸಿಯೇಷನ್‌ಗಳು ಇವತ್ತೇ ಮಾಡಬಹುದಾದ ಕೆಲಸ ಉಪ್ಪಿನ ಚೀಲ ಕಡಿಮೆ ಮಾಡುವುದು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನಗರಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆ ದಿನಕ್ಕೆ 775 ದಶಲಕ್ಷ ಲೀಟರ್ (ಎಂಎಲ್‌ಡಿ) ನೀರಿನ ಯೋಜನೆ ಚಾಲೂ ಆಯಿತು. ಕಾವೇರಿ ನೀರು ಬೋರ್‌ವೆಲ್ ನೀರಿನಷ್ಟು ಗಡಸಲ್ಲ. ನೆಲತೊಟ್ಟಿಗೆ (ಸಂಪ್) ಕಾವೇರಿ ನೀರು ಬರುತ್ತಿದ್ದರೂ ಸಾಫ್ಟ್‌ನರ್ ಹಳೆಯ ಲೆಕ್ಕದಲ್ಲೇ ಉಪ್ಪು ತಿನ್ನುತ್ತಿದ್ದರೆ ಅದನ್ನು ಮೊದಲು ತಿದ್ದಬೇಕು. ಫ್ಲಶ್‌ಗೆ, ತೋಟಕ್ಕೆ ಹೋಗುವ ನೀರನ್ನು ಮೆದುಗೊಳಿಸುವ ಅಗತ್ಯವೇ ಇಲ್ಲ. ಮಳೆನೀರನ್ನು ಎಸ್‌ಟಿಪಿ ನೀರಿಗೆ ಬೆರೆಸಿ ಬಿಟ್ಟರೆ ಲವಣ ತೆಳುವಾಗುತ್ತದೆ. ಮಳೆನೀರು ಸಂಗ್ರಹ ಈ ನಗರದಲ್ಲಿ 2009ರಿಂದ ಕಡ್ಡಾಯ, ತೊಟ್ಟಿಗಳು ಹೇಗೂ ಇರಬೇಕು. ಸ್ಪ್ರಿಂಕ್ಲರ್ ಬದಲು ಹನಿ ನೀರಾವರಿ, ದಿನವೂ ಚಿಮುಕಿಸುವ ಬದಲು ದಿನ ಬಿಟ್ಟು ಬೇರಿನಾಳಕ್ಕೆ ಇಳಿಯುವಷ್ಟು ನೀರು, ಉದುರಿದ ಎಲೆಯನ್ನು ಗೋಣಿಗೆ ತುಂಬಿ ಹೊರಗೆ ಸಾಗಿಸದೆ ಬುಡಕ್ಕೇ ಹೊದಿಕೆ. ಹುಲ್ಲುಹಾಸನ್ನು ಅರ್ಧಕ್ಕಿಳಿಸಿ ಆ ಜಾಗಕ್ಕೆ ಹೊಂಗೆ, ಬೇವು ತನ್ನಿ. ಸವಳು ನೆಲವನ್ನು ಅವು ಬಲ್ಲವು, ನೀರಿಗೂ ಕಾಡುವುದಿಲ್ಲ.

ಆಗಲೇ ಕೆಟ್ಟ ಮಣ್ಣಿಗೆ ಜಿಪ್ಸಂ ಹಳೆಯ ಮದ್ದು. ಅದರಲ್ಲಿರುವ ಕ್ಯಾಲ್ಸಿಯಂ ಸೋಡಿಯಂ ಅನ್ನು ಎಬ್ಬಿಸುತ್ತದೆ, ಎದ್ದ ಸೋಡಿಯಂ ನೀರಿನೊಂದಿಗೆ ಬಸಿದು ಹೋಗಬೇಕು. ಬಸಿಯುವ ದಾರಿ ಮುಚ್ಚಿದ್ದರೆ ಜಿಪ್ಸಂ ಹಾಕಿ ಪ್ರಯೋಜನವಿಲ್ಲ. ಎಷ್ಟು ಹಾಕಬೇಕು ಎಂಬುದನ್ನು ಮಣ್ಣಿನ ಪರೀಕ್ಷೆ ಹೇಳಬೇಕು, ಅಂಗಡಿಯವರಲ್ಲ.

ಪರೀಕ್ಷೆಗೆ ಕಳಿಸುವ ಮುನ್ನ ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ತೋಟದ ಒಣಮಣ್ಣಿನಿಂದ ಬಟಾಣಿ ಗಾತ್ರದ ಹೆಂಟೆ ಆರಿಸಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಗಾಜಿನ ಲೋಟಕ್ಕೆ ಸುರಿದು, ಹೆಂಟೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ, ಅಲುಗಿಸಬೇಡಿ. ಹೆಂಟೆ ಸುಮ್ಮನೆ ಕುಸಿದು ಚೂರಾಗಿ ಬಿದ್ದು, ನೀರು ತಿಳಿಯಾಗಿಯೇ ಇದ್ದರೆ ಸದ್ಯಕ್ಕೆ ಭಯವಿಲ್ಲ. ಎರಡು ಗಂಟೆಯೊಳಗೆ ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದು, ಮರುದಿನಕ್ಕೂ ನೀರು ತಿಳಿಯಾಗದಿದ್ದರೆ ಸೋಡಿಯಂ ಒಳಗೆ ಕೂತಿದೆ. ನಾಲ್ಕು ಜಾಗದ ಮಣ್ಣಿನಿಂದ ಮಾಡಿ ನೋಡಿ: ಹುಲ್ಲುಹಾಸು, ದೊಡ್ಡ ಮರದ ಬುಡ, ಪಾರ್ಕಿಂಗ್ ಮೇಲಿನ ಪಾತಿ, ಎಸ್‌ಟಿಪಿ ನೀರು ಹೋಗದ ಒಂದು ಮೂಲೆ.

ಮೋಡ ಕಂಡರೆ ತಡಮಾಡದೆ ಅರ್ಧ ಕಿಲೋ ಮಣ್ಣನ್ನೂ ಒಂದು ಲೀಟರ್ ಎಸ್‌ಟಿಪಿ ನೀರನ್ನೂ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ್ದೋ ಬೇರಾವುದೋ ಮಣ್ಣು-ನೀರು ಪರೀಕ್ಷಾಲಯಕ್ಕೆ ಕಳಿಸಿ. ಪಿಎಚ್, ವಾಹಕತೆ, ಸೋಡಿಯಂ, ಎಸ್‌ಎಆರ್ ನಾಲ್ಕನ್ನೂ ಕೇಳಿ ಬರೆಸಿಕೊಳ್ಳಿ. ವರದಿಯನ್ನು ನೋಟಿಸ್ ಬೋರ್ಡಿಗೆ ಹಾಕಿ, ಮಾಲಿಗೂ ಓದಿ ಹೇಳಿ. ಮುಂದಿನ ಮೇ ತಿಂಗಳ ಮೊದಲ ಮಳೆಗೆ ಮುಂಚೆ ಇದಿಷ್ಟು ಆಗಲಿ.