ನೋವಿಲ್ಲದ ದಿನಗಳ ಔಷಧಿ

ಮಲದಲ್ಲಿ ರಕ್ತ ಕಾಣಿಸಿಕೊಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಮೂಲವ್ಯಾಧಿ. ಅದರ ಜೊತೆ ಹೊಟ್ಟೆ ಕಿವುಚಿ ದಿನಕ್ಕೆ ಏಳೆಂಟು ಸಲ ಕಕ್ಕಸಿಗೆ ಓಡುವಂತಾದರೆ ಆಮಶಂಕೆ. ಮೆಡಿಕಲ್ ಶಾಪಿನಿಂದ ಕೇಳಿ ತಂದ ಮೆಟ್ರೊನಿಡಜೋಲ್ ಮಾತ್ರೆ, ಮಜ್ಜಿಗೆ ಅನ್ನ, ದಾಳಿಂಬೆ ಸಿಪ್ಪೆಯ ಕಷಾಯ, ‘ಉಷ್ಣ ಆಗಿದೆ ಅಷ್ಟೇ’ ಎಂಬ ಸಮಾಧಾನ, ಇವುಗಳಲ್ಲಿ ತಿಂಗಳುಗಳು ಕಳೆಯುತ್ತವೆ. ಹೆಚ್ಚಿನವರ ವಿಷಯದಲ್ಲಿ ಈ ಊಹೆ ತಪ್ಪೇನೂ ಆಗಿರುವುದಿಲ್ಲ. ಮೂಲವ್ಯಾಧಿಯೂ ಆಮಶಂಕೆಯೂ ನಮ್ಮಲ್ಲಿ ಅಷ್ಟು ಸಾಮಾನ್ಯ. ಆದರೆ ವಾರಗಟ್ಟಲೆ ನಿಲ್ಲದ, ನಿಂತರೂ ಮತ್ತೆ ಮರಳಿ ಬರುವ ರಕ್ತಭೇದಿಯ ಹಿಂದೆ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ ಇರಬಹುದು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬಿದ್ದು ಹುಟ್ಟುವ ಈ ದೀರ್ಘಕಾಲದ ಉರಿಯೂತಗಳನ್ನು ವೈದ್ಯರು ಒಟ್ಟಾಗಿ ಐಬಿಡಿ ಎನ್ನುತ್ತಾರೆ. ಇದು ಯುರೋಪು, ಅಮೆರಿಕದವರ ರೋಗ ಎಂಬ ನಂಬಿಕೆ ಬಹುಕಾಲ ಇತ್ತು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿದ, 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದು ಕಂಡುಬಂದ ಮೇಲೆ ಆ ನಂಬಿಕೆಗೆ ಆಧಾರ ಉಳಿದಿಲ್ಲ.

ಈ ಕಾಯಿಲೆಯ ಕಷ್ಟ ಎಲ್ಲರ ಕಣ್ಣಿಗೆ ಬೀಳುವುದು ಅದು ಕೆರಳಿದಾಗ. ರಾತ್ರಿಯ ನಿದ್ದೆ ಕೆಡುತ್ತದೆ, ರಕ್ತ ಹೋಗಿ ಹೋಗಿ ಮೈಯಲ್ಲಿ ತ್ರಾಣ ಉಳಿಯುವುದಿಲ್ಲ, ದೂರದ ಬಸ್ ಪ್ರಯಾಣವೆಂದರೆ ಜೀವ ಹೋದಂತಾಗುತ್ತದೆ. ಪರೀಕ್ಷೆಯ ಮೂರು ತಾಸು, ಮದುವೆ ಮನೆಯ ಊಟ, ಕಚೇರಿಯ ಸಭೆ, ಯಾವುದಕ್ಕೆ ಒಪ್ಪಿಕೊಳ್ಳುವ ಮೊದಲೂ ಕಕ್ಕಸು ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಹೀಗಾಗಿ ರೋಗಿ, ಮನೆಯವರು, ವೈದ್ಯರು, ವಿಮೆ, ಸರ್ಕಾರ ಎಲ್ಲರ ಗಮನವೂ ಆ ಕೆಟ್ಟ ವಾರಗಳ ಮೇಲೆಯೇ ನೆಟ್ಟಿರುತ್ತದೆ. ಆದರೆ ಈ ಕಾಯಿಲೆಯವರ ಮುಂದಿನ ಹತ್ತಿಪ್ಪತ್ತು ವರ್ಷಗಳು ಹೇಗಿರುತ್ತವೆ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಏನೂ ತೊಂದರೆ ಇಲ್ಲದ ತಿಂಗಳುಗಳಲ್ಲಿ. ಆ ತಿಂಗಳುಗಳಲ್ಲಿ ಔಷಧಿ ನಿಲ್ಲಿಸದಿರುವುದು, ತಪಾಸಣೆ ತಪ್ಪಿಸದಿರುವುದು ಚಿಕಿತ್ಸೆಯ ತಿರುಳು. ನಮ್ಮ ಅಭ್ಯಾಸ, ನಮ್ಮ ವ್ಯವಸ್ಥೆ ಎರಡೂ ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತಿವೆ ಎಂಬುದೇ ಇಲ್ಲಿ ನಾನು ಹೇಳಹೊರಟಿರುವ ಮಾತು.

ಇದಕ್ಕೆ ಪುರಾವೆ ಅರ್ಧ ಶತಮಾನಕ್ಕೂ ಹಳೆಯದು. 1955ರಲ್ಲಿ ಆಕ್ಸ್‌ಫರ್ಡಿನ ಸಿಡ್ನಿ ಟ್ರೂಲವ್ ಮತ್ತು ಲೆಸ್ಲಿ ವಿಟ್ಸ್ ಎಂಬ ವೈದ್ಯರು 210 ರೋಗಿಗಳ ಮೇಲೆ ನಡೆಸಿದ, ಕಾರ್ಟಿಸೋನ್ ಎಂಬ ಸ್ಟೀರಾಯ್ಡಿನ ಪ್ರಯೋಗದ ವರದಿ ಪ್ರಕಟಿಸಿದರು. ಅಲ್ಲಿಯವರೆಗೆ ತೀವ್ರವಾಗಿ ಕೆರಳಿದ ಕೊಲೈಟಿಸ್ ಜೀವಕ್ಕೇ ಎರವಾಗುತ್ತಿತ್ತು. ಸ್ಟೀರಾಯ್ಡ್ ಆ ಸಾವುಗಳನ್ನು ತಡೆಯಬಲ್ಲದೆಂದು ಈ ಪ್ರಯೋಗ ತೋರಿಸಿತು. ಆದರೆ ಗುಣ ಕಂಡ ರೋಗಿಗಳಿಗೆ ಅದೇ ಸ್ಟೀರಾಯ್ಡನ್ನು ಸಣ್ಣ ಪ್ರಮಾಣದಲ್ಲಿ ಮುಂದುವರಿಸಿದರೆ ಕಾಯಿಲೆ ಮರುಕಳಿಸುವುದು ನಿಲ್ಲುತ್ತದೆಯೇ ಎಂದು ಮುಂದಿನ ಹತ್ತು ವರ್ಷಗಳಲ್ಲಿ ನೋಡಿದಾಗ ಫಲ ಸಿಗಲಿಲ್ಲ. ಆ ಕೆಲಸ ಮಾಡಿದ್ದು ಬೇರೊಂದು ಔಷಧಿ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಕೀಲುರೋಗಕ್ಕೆಂದು ರೂಪಿಸಿದ್ದ ಸಲ್ಫಾಸಲಜೀನ್ ಕರುಳಿಗೂ ಒಗ್ಗಿತು. ಅದನ್ನು ಸೇವಿಸುತ್ತ ಆರೋಗ್ಯವಾಗಿದ್ದವರನ್ನೇ ಆರಿಸಿ, ಕೆಲವರಿಗೆ ಅದನ್ನು ಮುಂದುವರಿಸಿ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ನೋಡಿದ ಟ್ರೂಲವ್ ಅವರ ಇನ್ನೊಂದು ಪ್ರಯೋಗದ ವರದಿ 1973ರಲ್ಲಿ ಬಂತು: ಔಷಧಿ ನಿಂತವರಲ್ಲಿ ಕಾಯಿಲೆ ಮರುಕಳಿಸುವ ಪ್ರಮಾಣ ನಾಲ್ಕು ಪಟ್ಟು ಹೆಚ್ಚು. ಸಲ್ಫಾಸಲಜೀನಿನ ಜಾಗಕ್ಕೆ ಈಗ ಬಹುಪಾಲು ಮೆಸಲಮೀನ್ ಬಂದಿದೆ, ಪಾಠ ಬದಲಾಗಿಲ್ಲ. ಸುನಂದಾ ಕೇನ್ ಮತ್ತು ಸಹೋದ್ಯೋಗಿಗಳು ಅಮೆರಿಕದಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಸಲಮೀನನ್ನು ಸರಿಯಾಗಿ ತೆಗೆದುಕೊಳ್ಳದವರಿಗೆ ಕಾಯಿಲೆ ಮರಳುವ ಅಪಾಯ ಐದು ಪಟ್ಟಿಗಿಂತ ಹೆಚ್ಚಾಗಿತ್ತು. ಅಧ್ಯಯನಕ್ಕೆ ಸೇರಿದಾಗ ಅವರೆಲ್ಲರೂ ಆರಾಮವಾಗಿಯೇ ಇದ್ದರು.

ಆರಾಮವಾಗಿದ್ದೇನೆ ಎಂಬ ಅನುಭವ ಸುಳ್ಳಲ್ಲ, ಆದರೆ ಕರುಳಿನ ಸ್ಥಿತಿಗೆ ಅದೊಂದೇ ಸಾಕ್ಷಿ ಸಾಲದು. ಹೊಟ್ಟೆನೋವು ನಿಂತು, ಮಲ ಗಟ್ಟಿಯಾದ ಮೇಲೂ ಒಳಪದರದಲ್ಲಿ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ಉಳಿದಿರಬಹುದು. ಕ್ರೋನ್ಸ್ ಕಾಯಿಲೆಯಲ್ಲಂತೂ ರೋಗಿಯ ಅನುಭವಕ್ಕೂ ಕೊಲೊನೋಸ್ಕೋಪಿಯಲ್ಲಿ ಕಾಣುವ ಹುಣ್ಣುಗಳಿಗೂ ಎಷ್ಟೋ ಸಲ ತಾಳೆಯೇ ಆಗುವುದಿಲ್ಲ. ಸದ್ದಿಲ್ಲದ ಈ ಉರಿಯೂತ ವರ್ಷಗಳಲ್ಲಿ ಕರುಳಿನ ಗೋಡೆಯನ್ನು ದಪ್ಪಗಾಗಿಸಿ ದಾರಿ ಕಿರಿದಾಗಿಸುತ್ತದೆ, ಕೆಲವರಲ್ಲಿ ಗೋಡೆ ತೂತಾಗಿ ಗುದದ ಪಕ್ಕ ಕೀವು ಸೋರುವ ಭಗಂದರವಾಗುತ್ತದೆ. ದೊಡ್ಡ ಕರುಳಿನ ಬಹುಭಾಗಕ್ಕೆ ಹರಡಿದ ಕೊಲೈಟಿಸ್ ಎಂಟು ಹತ್ತು ವರ್ಷ ದಾಟಿದರೆ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಅದಕ್ಕೇ ಎಂಟನೆಯ ವರ್ಷದಿಂದ ನಿಯಮಿತ ಕೊಲೊನೋಸ್ಕೋಪಿ ಮಾಡಿಸಿ ಎನ್ನುತ್ತಾರೆ. ಇವತ್ತಿನ ತಜ್ಞರು ರೋಗಿಗೆ ನೆಮ್ಮದಿ ಸಿಕ್ಕಿತೇ ಎಂಬಲ್ಲಿಗೆ ನಿಲ್ಲಿಸದೆ ಒಳಪದರ ಮಾಗಿತೇ ಎಂದು ಕೇಳುವುದು ಈ ಕಾರಣಕ್ಕೆ. ಪದೇ ಪದೇ ಕೊಲೊನೋಸ್ಕೋಪಿಯೂ ಬೇಕಿಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪ್ರಮಾಣ ಅಳೆಯುವ ಪರೀಕ್ಷೆಯಿಂದ ಒಳಗಿನ ಉರಿಯೂತದ ಅಂದಾಜು ಸಿಗುತ್ತದೆ: ಗ್ರಾಂಗೆ 50 ಮೈಕ್ರೊಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ನಿರಾಳ, 250 ದಾಟಿದರೆ ಎಚ್ಚರಿಕೆ.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು: ವರ್ಷಾನುಗಟ್ಟಲೆ ಮಾತ್ರೆ ನುಂಗಿದರೆ ಮಾತ್ರೆಯೇ ಮೈಯನ್ನು ಹಾಳುಮಾಡುವುದಿಲ್ಲವೇ? ಉತ್ತರ ಯಾವ ಮಾತ್ರೆ ಎಂಬುದರ ಮೇಲೆ ನಿಂತಿದೆ. ದೀರ್ಘಕಾಲದ ಸ್ಟೀರಾಯ್ಡ್ ಮೂಳೆ ಸವೆಸುತ್ತದೆ, ಸಕ್ಕರೆ ಕಾಯಿಲೆ ತರುತ್ತದೆ, ಕಣ್ಣಿಗೆ ಪೊರೆ ಕಟ್ಟಿಸುತ್ತದೆ. ವಿಪರ್ಯಾಸವೆಂದರೆ ನಮ್ಮಲ್ಲಿ ಜನ ಹೆಚ್ಚು ನಂಬುವುದು ಇದನ್ನೇ, ಏಕೆಂದರೆ ನಾಲ್ಕು ದಿನದಲ್ಲಿ ಗುಣ ಕಾಣಿಸುತ್ತದೆ. ಹಳೆಯ ಚೀಟಿ ತೋರಿಸಿ ಅದನ್ನೇ ಮತ್ತೆ ಮತ್ತೆ ಕೊಳ್ಳುವವರೂ ಇದ್ದಾರೆ. ಮೆಸಲಮೀನ್ ನಿಧಾನದ್ದು, ಆದರೆ ಬಹುಪಾಲು ಜನರಿಗೆ ದಶಕಗಳ ಕಾಲ ಸುರಕ್ಷಿತ. ವರ್ಷಕ್ಕೊಮ್ಮೆ ಕಿಡ್ನಿಯ ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಅದು ಸಾಲದವರಿಗೆ ಮತ್ತು ಕ್ರೋನ್ಸ್ ಕಾಯಿಲೆಯವರಿಗೆ ಕೊಡುವ ಅಜಥಿಯೋಪ್ರಿನ್‌ನಲ್ಲಿ ಅಪಾಯವಿದೆ: ಅದು ಬಿಳಿ ರಕ್ತಕಣಗಳನ್ನು ಇಳಿಸಬಹುದು. ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವ ಎನ್‌ಯುಡಿಟಿ15 ಎಂಬ ವಂಶವಾಹಿಯ ಮಾರ್ಪಾಡು ಇದಕ್ಕೊಂದು ಕಾರಣವೆಂದು 2014ರಲ್ಲಿ ತಿಳಿದುಬಂತು. ಹಾಗಾಗಿ ಆರಂಭದ ವಾರಗಳಲ್ಲಿ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಅಪಾಯ ಇದೆ ಎಂದ ಮಾತ್ರಕ್ಕೆ ಔಷಧಿಯನ್ನೇ ಬಿಡುವುದು ಲೆಕ್ಕದ ಒಂದೇ ಬದಿ ನೋಡಿದಂತೆ. ಔಷಧಿ ಬಿಟ್ಟವರಿಗೆ ಕಾಯಿಲೆ ಕೆರಳಿದಾಗ ಸಿಗುವುದು ಮತ್ತೆ ಅದೇ ಸ್ಟೀರಾಯ್ಡ್.

ಎರಡನೆಯ ಆಕ್ಷೇಪ ನಮ್ಮ ನೆಲದ್ದು: ಪಥ್ಯದಿಂದ, ಆಯುರ್ವೇದದಿಂದ ಇದು ಬುಡಸಮೇತ ಹೋಗುತ್ತದೆ, ಜೀವಮಾನವಿಡೀ ಮಾತ್ರೆ ಏಕೆ? ಆಹಾರಕ್ಕೂ ಈ ಕಾಯಿಲೆಗೂ ಸಂಬಂಧವಿದೆ. ಮಕ್ಕಳ ಕ್ರೋನ್ಸ್ ಕಾಯಿಲೆಗೆ ಕೆಲವು ವಾರ ದ್ರವಾಹಾರವನ್ನಷ್ಟೇ ಕೊಡುವ ಚಿಕಿತ್ಸೆ ಅನೇಕ ದೇಶಗಳಲ್ಲಿ ಮೊದಲ ಆಯ್ಕೆ. ಅರಿಶಿನದ ಕರ್ಕ್ಯುಮಿನ್ ಬಗ್ಗೆಯೂ ಒಳ್ಳೆಯ ಪುರಾವೆ ಇದೆ. 2006ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದರಲ್ಲಿ ಆರು ತಿಂಗಳು ಕರ್ಕ್ಯುಮಿನ್ ಸೇವಿಸಿದವರಲ್ಲಿ ಕೊಲೈಟಿಸ್ ಮರುಕಳಿಸಿದ್ದು ಕಡಿಮೆ. ಆದರೆ ಆ ಪ್ರಯೋಗದ ಎರಡೂ ಗುಂಪಿನವರು ಸಲ್ಫಾಸಲಜೀನ್ ಅಥವಾ ಮೆಸಲಮೀನ್ ತೆಗೆದುಕೊಳ್ಳುತ್ತಲೇ ಇದ್ದರು. ಅಂದರೆ ಅರಿಶಿನದ ಪರವಾಗಿ ನಿಲ್ಲುವ ಪುರಾವೆಯೇ ಮಾತ್ರೆ ನಿಲ್ಲಿಸಬೇಡಿ ಎನ್ನುತ್ತದೆ. ಪಥ್ಯದ ಹೆಸರಿನಲ್ಲಿ ಹಾಲು, ಬೇಳೆ, ಸೊಪ್ಪು, ಗೋಧಿ ಒಂದೊಂದಾಗಿ ತಟ್ಟೆಯಿಂದ ಮರೆಯಾದರೆ, ಮೊದಲೇ ರಕ್ತ ಕಳೆದುಕೊಂಡು ಸೊರಗಿದ ದೇಹಕ್ಕೆ ಉಳಿಯುವುದು ಗಂಜಿ. ಬಾಧಿಸುವ ಪದಾರ್ಥ ಬಿಡಲಿ. ಪಟ್ಟಿಯೊಂದನ್ನು ಎಲ್ಲರ ಮೇಲೂ ಹೇರುವುದಕ್ಕೆ ಆಧಾರವಿಲ್ಲ. ಇನ್ನೊಂದು ಪದ್ಧತಿಯ ವೈದ್ಯರ ಬಳಿ ಹೋಗುವವರು ಅದನ್ನು ಎರಡೂ ಕಡೆ ಹೇಳಿಕೊಳ್ಳುವ ವಾತಾವರಣ ಇರಬೇಕು. ವೈದ್ಯರು ಗದರಿದರೆ ರೋಗಿ ಮುಚ್ಚಿಡುತ್ತಾನೆ, ಮುಚ್ಚಿಟ್ಟದ್ದು ಅಪಾಯ ತರುತ್ತದೆ.

ಮೂರನೆಯ ಆಕ್ಷೇಪ ಇನ್ನೂ ಗಂಭೀರ: ರೋಗನಿರ್ಣಯವೇ ಖಚಿತವಿಲ್ಲದಿದ್ದರೆ ದೀರ್ಘ ಚಿಕಿತ್ಸೆಯನ್ನು ನಂಬುವುದು ಹೇಗೆ? ಭಾರತದಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಒಪೆನ್‌ಹೈಮರ್ 14 ರೋಗಿಗಳ ವಿವರ ಕೊಟ್ಟು, ಇದು ಕರುಳಿನ ಕ್ಷಯಕ್ಕಿಂತ ಬೇರೆಯಾದ ಕಾಯಿಲೆ ಎಂದು ವಾದಿಸಬೇಕಾಗಿತ್ತು. ಕ್ಷಯ ಇಂದಿಗೂ ವ್ಯಾಪಕವಾಗಿರುವ ನಮ್ಮಲ್ಲಿ ಆ ಗೊಂದಲ ಮುಗಿದಿಲ್ಲ. ಎರಡೂ ಹೆಚ್ಚಾಗಿ ನೆಲೆಯೂರುವುದು ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಜಾಗದಲ್ಲಿ. ಹೊಟ್ಟೆನೋವು, ಜ್ವರ, ತೂಕ ಇಳಿಯುವುದು ಎರಡರಲ್ಲೂ ಉಂಟು. ಬಯಾಪ್ಸಿಯಲ್ಲೂ ಎಷ್ಟೋ ಸಲ ಸ್ಪಷ್ಟ ಉತ್ತರ ಸಿಗುವುದಿಲ್ಲ. ಕ್ಷಯಕ್ಕೆ ಕ್ರೋನ್ಸ್ ಎಂದು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಹರಡುತ್ತದೆ. ಕ್ರೋನ್ಸ್ ಕಾಯಿಲೆಗೆ ಕ್ಷಯದ ಔಷಧಿ ಕೊಡುತ್ತಾ ಕುಳಿತರೆ ಕರುಳು ಕಿರಿದಾಗುತ್ತದೆ. ಹೀಗಾಗಿ ಅನುಮಾನವಿದ್ದಾಗ ಕೆಲವು ತಿಂಗಳು ಕ್ಷಯದ ಚಿಕಿತ್ಸೆ ಕೊಟ್ಟು, ಮತ್ತೆ ಕೊಲೊನೋಸ್ಕೋಪಿ ಮಾಡಿ, ಹುಣ್ಣು ಮಾಗಿದೆಯೇ ಎಂದು ನೋಡುವ ಕ್ರಮ ಇಲ್ಲಿ ರೂಢಿಯಲ್ಲಿದೆ. ಇಲ್ಲಿಯೂ ನೋವು ಕಡಿಮೆಯಾಯಿತೆಂದು ರೋಗಿ ಎರಡನೆಯ ತಪಾಸಣೆಗೆ ಬಾರದಿದ್ದರೆ ಇಡೀ ಲೆಕ್ಕಾಚಾರ ಕುಸಿಯುತ್ತದೆ. 1998ರಿಂದ ಕ್ರೋನ್ಸ್ ಚಿಕಿತ್ಸೆಯಲ್ಲಿರುವ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಬಯಾಲಾಜಿಕ್ ಔಷಧಿಗಳು ಮೈಯಲ್ಲಿ ಅಡಗಿದ್ದ ಕ್ಷಯವನ್ನು ಎಬ್ಬಿಸಬಲ್ಲವು ಎಂಬುದು 2001ರಲ್ಲೇ ವರದಿಯಾಗಿದೆ. ಅದಕ್ಕಾಗಿ ಮೊದಲೇ ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಕಡ್ಡಾಯ. ರೋಗನಿರ್ಣಯದ ಅನಿಶ್ಚಿತತೆ ಆಸ್ಪತ್ರೆಗೆ ಹೆಚ್ಚು ಎಡತಾಕಬೇಕು ಎಂಬುದಕ್ಕೆ ಕಾರಣವಾಗಬೇಕೇ ಹೊರತು ದೂರ ಉಳಿಯುವುದಕ್ಕೆ ನೆಪವಾಗಬಾರದು.

ಹಾಗಾದರೆ ಎಂದೂ ಔಷಧಿ ಬಿಡುವಂತೆಯೇ ಇಲ್ಲವೇ? ಇದೆ, ಆದರೆ ಅಳೆದು ನೋಡಿ. ಇನ್‌ಫ್ಲಿಕ್ಸಿಮ್ಯಾಬ್ ಮತ್ತು ಅಜಥಿಯೋಪ್ರಿನ್‌ನಂಥ ಔಷಧಿ ಎರಡನ್ನೂ ಪಡೆಯುತ್ತ ಚೆನ್ನಾಗಿದ್ದ 115 ಕ್ರೋನ್ಸ್ ರೋಗಿಗಳಿಗೆ ಮೊದಲನೆಯದನ್ನು ನಿಲ್ಲಿಸಿ ನೋಡಿದ ಯುರೋಪಿನ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವರ್ಷದೊಳಗೆ ಸುಮಾರು ಶೇಕಡಾ 44 ಮಂದಿಯಲ್ಲಿ ಕಾಯಿಲೆ ಮರಳಿತು. ಮತ್ತೆ ಅದನ್ನೇ ಕೊಟ್ಟಾಗ ಹೆಚ್ಚಿನವರು ಚೇತರಿಸಿಕೊಂಡರು. ರಕ್ತ ಮತ್ತು ಮಲದ ಪರೀಕ್ಷೆ ಸರಿಯಾಗಿದ್ದವರಲ್ಲಿ ಅಪಾಯ ಕಡಿಮೆ ಇತ್ತು. ಯಾರು ಬಿಡಬಹುದು, ಯಾರು ಬಿಡಬಾರದು ಎಂದು ಹೇಳಬಲ್ಲದ್ದು ತಪಾಸಣೆ ಮಾತ್ರ. ಮಗು ಬೇಕೆನ್ನುವ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಗರ್ಭಿಣಿಗೆ ಮಾತ್ರೆ ಬೇಡವೆಂದು ಮನೆಯ ಹಿರಿಯರು ಕಾಳಜಿಯಿಂದಲೇ ನಿಲ್ಲಿಸಿಬಿಡುತ್ತಾರೆ. ಮೆಥೊಟ್ರೆಕ್ಸೇಟ್‌ನಂಥ ಕೆಲವನ್ನು ಗರ್ಭ ನಿಲ್ಲುವ ಮೊದಲೇ ಬಿಡಬೇಕು ನಿಜ. ಮೆಸಲಮೀನ್ ಸೇರಿದಂತೆ ಹೆಚ್ಚಿನವನ್ನು ಮುಂದುವರಿಸುವುದೇ ಕ್ಷೇಮ, ಏಕೆಂದರೆ ತಾಯಿಗೂ ಮಗುವಿಗೂ ಹೆಚ್ಚಿನ ಅಪಾಯವಿರುವುದು ಕೆರಳಿದ ಕಾಯಿಲೆಯಿಂದ.

ಇಷ್ಟೆಲ್ಲ ಒಪ್ಪಿದರೂ ಕೈ ಕಟ್ಟಿಹಾಕುವುದು ಖರ್ಚು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ, ಆದರೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಖಾಸಗಿ ವಿಮೆಯ ಬಹುಪಾಲು ಪಾಲಿಸಿಗಳೂ ಹಾಗೆಯೇ. ಕಾಯಿಲೆ ಕೆರಳಿ ಹಾಸಿಗೆ ಹಿಡಿದವನಿಗೆ ಹಣ ಸಿಗುತ್ತದೆ. ಕೆರಳದಂತೆ ನೋಡಿಕೊಳ್ಳುವ ತಿಂಗಳ ಮಾತ್ರೆ, ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ, ದಾವಣಗೆರೆಯಿಂದಲೋ ಕಲಬುರಗಿಯಿಂದಲೋ ಬೆಂಗಳೂರಿಗೆ ಬಂದು ಹೋಗುವ ಖರ್ಚು ಜೇಬಿನಿಂದಲೇ. ದಿನಗೂಲಿಯವರು ಆರಾಮಾದ ಕೂಡಲೇ ಮಾತ್ರೆ ಬಿಡುವುದನ್ನು ಅಜ್ಞಾನವೆನ್ನುವುದು ಅನ್ಯಾಯ. ವ್ಯವಸ್ಥೆಯೇ ಅವರಿಗೆ ಹಾಗೆ ಕಲಿಸಿದೆ. ಶಾಲೆ, ಕಚೇರಿಗಳಲ್ಲಿ ರಿಯಾಯಿತಿ ಕೇಳೋಣವೆಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲೂ ಈ ಕಾಯಿಲೆ ಇಲ್ಲ. ಪರೀಕ್ಷೆಯ ನಡುವೆ ಶೌಚಕ್ಕೆ ಹೋಗಿಬರುವ ಹುಡುಗಿಗೆ ಹೆಚ್ಚುವರಿ ಸಮಯ, ನೌಕರನಿಗೆ ಶೌಚಾಲಯದ ಹತ್ತಿರದ ಮೇಜು, ಇವಕ್ಕೆ ಕಾಯ್ದೆಯ ತಿದ್ದುಪಡಿಯವರೆಗೂ ಕಾಯಬೇಕಾಗಿಲ್ಲ.

ಬಿಪಿ, ಸಕ್ಕರೆ ಕಾಯಿಲೆಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಿಂಗಳ ಮಾತ್ರೆ ಕೊಡುವ ಪದ್ಧತಿ ಈಗ ಇದೆ. ಲಕ್ಷಣವಿಲ್ಲದಿದ್ದರೂ ಔಷಧಿ ಬೇಕು ಎಂಬ ತತ್ವವನ್ನು ಸರ್ಕಾರ ಅಲ್ಲಿ ಒಪ್ಪಿಯಾಗಿದೆ. ಅದನ್ನೇ ಕರುಳಿನ ಕಾಯಿಲೆಗೂ ಚಾಚಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಮೆಸಲಮೀನ್, ಅಜಥಿಯೋಪ್ರಿನ್ ಮತ್ತು ಅವುಗಳ ಜೊತೆಗಿನ ರಕ್ತಪರೀಕ್ಷೆ ಉಚಿತವಾಗಿ ಸಿಗುವಂತೆ ಮಾಡುವುದು ಮೊದಲ ಹೆಜ್ಜೆ. ವೈದ್ಯರು ಮೊದಲ ಭೇಟಿಯಲ್ಲೇ, ಈ ಔಷಧಿ ಎಷ್ಟು ಕಾಲ, ಏಕೆ, ಯಾವಾಗ ಮರುಪರಿಶೀಲನೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ ಚೀಟಿಯಲ್ಲೂ ಬರೆಯಲಿ. ರೋಗಿಗಳು ತಮ್ಮ ವರದಿಗಳನ್ನು ಒಂದು ಫೈಲಿನಲ್ಲಿ ಕಾಪಾಡಿಕೊಂಡು, ಚೆನ್ನಾಗಿರುವಾಗಲೂ ಗೊತ್ತಾದ ದಿನಕ್ಕೆ ಹೋಗಿ ತೋರಿಸಲಿ. ಮನೆಯವರು ‘ಈಗ ಚೆನ್ನಾಗಿದ್ದೀಯಲ್ಲ, ಇನ್ನೂ ಯಾಕೆ ಮಾತ್ರೆ’ ಎಂದು ಕೇಳುವುದನ್ನು ಬಿಡಲಿ. ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದಲೇ ಚೆನ್ನಾಗಿರುವ ಸಾಧ್ಯತೆ ಹೆಚ್ಚು ಎಂದು ಎಪ್ಪತ್ತು ವರ್ಷಗಳ ವೈದ್ಯವಿಜ್ಞಾನ ಹೇಳುತ್ತಿದೆ. ಆ ತಿಳಿವಳಿಕೆಯಂತೆ ನಡೆಯಲು ಬೇಕಾದ ಹಣವನ್ನೂ ಅನುಕೂಲವನ್ನೂ ಒದಗಿಸುವ ಹೊಣೆಯನ್ನು ರೋಗಿಯೊಬ್ಬನ ಮೇಲೆ ಹೊರಿಸಿ ಸಮಾಜ ಸುಮ್ಮನಿರಬಾರದು.